ನಾಲ್ಕು ಗಂಟೆಯ ಬಿಸಿಲು

ನಮ್ಮ ಹೌಸ್‌ಬೋಟಿನ ಹಾಲ್‌ನಲ್ಲಿ ಹಾಸಿದ ಜಮಖಾನ ತೊಳೆಯಲೆಂದು ಎತ್ತಿದ ದಿನವೇ ನನಗೆ ನೆಲದ ಮರ ಬಿಸಿಲಿಗೆ ಮಾಸಿದ ವಿಷಯ ಗೊತ್ತಾದದ್ದು. ಅದರ ಅಡಿಯಲ್ಲಿದ್ದ ಸಾಗುವಾನಿ ಹಲಗೆ ಬೋಟು ನೀರಿಗಿಳಿದ ದಿನ ಹೇಗಿತ್ತೋ ಹಾಗೇ, ಬೆಲ್ಲದ ಬಣ್ಣ. ಸುತ್ತಲಿನದು ಮಾತ್ರ ಹಳೆಯ ಬೈಹುಲ್ಲಿನಂತೆ ಬಿಳಿಚಿಕೊಂಡಿತ್ತು. ದಿನಾ ಗುಡಿಸಿ ಒರೆಸುವ ನಮಗೇ ಅಲ್ಲಿಯವರೆಗೆ ಗೊತ್ತಾಗಿರಲಿಲ್ಲ, ಯಾಕೆಂದರೆ ಎಲ್ಲ ಒಟ್ಟಿಗೇ ಮಾಸಿತ್ತು.

ನಮ್ಮದು ಕೋಡಿ ಬೆಂಗ್ರೆ ಕಡೆ ಹೊಳೆಯಲ್ಲಿ ನಿಲ್ಲುವ ಎರಡು ಕೋಣೆಯ ಹೌಸ್‌ಬೋಟು. ಸ್ವರ್ಣಾ, ಸೀತಾ ಎರಡೂ ಹೊಳೆಗಳು ಕಡಲು ಸೇರುವ ಜಾಗ ಅದು. ಹಾಲ್‌ನ ನೆಲಕ್ಕೆ ಸಾಗುವಾನಿ ಪಟ್ಟಿ, ಕೋಣೆಗಳಿಗೆ ಮೆರೈನ್ ಪ್ಲೈ, ಅಂದರೆ ನೀರು ತಡೆಯುವ ಪ್ಲೈವುಡ್, ಅದರ ಮೇಲೆ ಸಾಗುವಾನಿ ವಿನಿಯರ್, ಅಂದರೆ ಮರದ ತೆಳು ಹಾಳೆ. ಮಾಡಿನ ಅಂಚು ಎರಡಡಿ ಹೊರಗೆ ಚಾಚಿದೆ, ಹಾಗಾಗಿ ಬಿಸಿಲಿನ ಚಿಂತೆ ಇಲ್ಲ ಅಂದುಕೊಂಡಿದ್ದೆ.

ನಾನು ಮೊದಲು ಮಾಡಿದ್ದು ಶುದ್ಧ ದಡ್ಡತನ. ಮಳೆಗಾಲದಲ್ಲಿ ಬೋಟು ಖಾಲಿ ನಿಲ್ಲುತ್ತದೆ, ಜನವೂ ಸಿಗುತ್ತಾರೆ ಅಂತ ಜೂನ್ ಕೊನೆಗೆ ಪಾಲಿಶ್‌ಗೆ ಹಚ್ಚಿದೆ. ಮೆಲಮೈನ್ ಎಂಬ ಪಾಲಿಶ್ ಹೊಡೆದು ಅರ್ಧ ಗಂಟೆಯಾಗುವಷ್ಟರಲ್ಲಿ ನೆಲದ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಮೋಡ. ಗಾಳಿಯಲ್ಲಿನ ತೇವ ಪಾಲಿಶ್‌ನೊಳಗೆ ಸಿಕ್ಕಿಹಾಕಿಕೊಂಡಿತ್ತು. ಅದನ್ನು ತೆಗೆಯಲು ಉಜ್ಜುವ ಮಿಷನ್ ತರಿಸಿದೆ. ಹಾಲಿನ ಪಟ್ಟಿ ತಡೆದುಕೊಂಡಿತು. ಕೋಣೆಯ ವಿನಿಯರ್ ಅರ್ಧ ಮಿಲ್ಲಿಮೀಟರ್ ದಪ್ಪವೂ ಇರುವುದಿಲ್ಲ ಮಾರಾಯ್ರೆ, ಕಿಟಕಿ ಬದಿಯಲ್ಲಿ ಅಂಗೈಯಗಲ ಕಿತ್ತುಹೋಗಿ ಕೆಳಗಿನ ಪ್ಲೈ ಕಾಣಿಸಿತು. ಇಂಥ ಕಡೆ ಮಿಷನ್ ಮುಟ್ಟಲೇಬಾರದು. ಕೈಯಲ್ಲೇ, ಮರದ ತುಂಡಿಗೆ 220 ನಂಬರ್ ಪೇಪರ್ ಸುತ್ತಿ, ಎಳೆಯ ಉದ್ದಕ್ಕೆ ಹಗುರಾಗಿ ತಿಕ್ಕಬೇಕು.

ಮರಗೆಲಸದ ನಮ್ಮ ಆಚಾರ್ರು ಬಂದು ನೋಡಿ ನಗಲೂ ಇಲ್ಲ, ಬಯ್ಯಲೂ ಇಲ್ಲ. "ಶೆಟ್ರೇ, ಬಣ್ಣ ಆಮೇಲೆ ಹಚ್ಚುವ. ಬಿಸಿಲು ಯಾವ ಹೊತ್ತಿಗೆ ಎಲ್ಲಿಂದ ಬರ್ತದೆ ಅಂತ ಒಂದು ದಿನ ಕೂತು ನೋಡಿ," ಅಂದರು.

ಮಳೆ ಬಿಟ್ಟ ಮೇಲೆ ಒಂದು ದಿನ ಕೂತೆ. ಗಂಟೆಗೊಮ್ಮೆ ಬಿಸಿಲು ಬಿದ್ದ ಅಂಚಿಗೆ ಸೀಮೆಸುಣ್ಣದ ಗೆರೆ. ಮಧ್ಯಾಹ್ನ ಎರಡರವರೆಗೆ ಮಾಡಿನ ಅಂಚು ತನ್ನ ಕೆಲಸ ಮಾಡುತ್ತಿತ್ತು. ಮೂರೂವರೆಗೆ ಬಿಸಿಲು ಅಂಚಿನ ಕೆಳಗಿಂದ ನುಸುಳಿತು. ನಾಲ್ಕೂವರೆಗೆ ಹಾಲಿನ ಅರ್ಧಕ್ಕೆ ಬಂತು. ಬೋಟನ್ನು ಕಟ್ಟುವ ಕಟ್ಟೆ ಒಂದೇ, ಮೂತಿ ಯಾವಾಗಲೂ ಬಡಗು ದಿಕ್ಕಿಗೆ. ಹಾಗಾಗಿ ಎಡಗಡೆಯ ಕಿಟಕಿಗಳೇ ವರ್ಷವಿಡೀ ಪಡುವಣದ ಬಿಸಿಲು ಕುಡಿಯುತ್ತಿದ್ದವು.

"ಗಾಜು ಇದೆಯಲ್ಲ" ಅನ್ನುವವರಿಗೊಂದು ಮಾತು. ಅತಿನೇರಳೆ ಕಿರಣದಲ್ಲಿ ನಮ್ಮ ಚರ್ಮ ಸುಡುವ ಭಾಗವನ್ನು ಮಾಮೂಲಿ ಗಾಜು ಬಹುಮಟ್ಟಿಗೆ ತಡೆಯುತ್ತದೆ, ಉಳಿದದ್ದನ್ನು ಒಳಗೆ ಬಿಡುತ್ತದೆ. ಮರದ ನಾರನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಟು ಅಷ್ಟಕ್ಕೇ ಸಡಿಲವಾಗುತ್ತದೆ. ಪಾರದರ್ಶಕ ವಾರ್ನಿಶ್ ಹೊಡೆದಿದ್ದರೂ ಬೆಳಕು ಅದನ್ನು ದಾಟಿ ಮರದ ಮೈಯನ್ನೇ ತಿನ್ನುತ್ತದೆ. ಆಮೇಲೆ ಹಿಡಿತ ತಪ್ಪಿದ ವಾರ್ನಿಶ್ ಸಿಪ್ಪೆಯ ಹಾಗೆ ಏಳುತ್ತದೆ. ನಾವು ಬಯ್ಯುವುದು ಪಾಲಿಶ್‌ನವನನ್ನು.

ಈ ಸಲ ದುಡ್ಡು ಸುರಿಯುವ ಮೊದಲು ಪರೀಕ್ಷೆ ಮಾಡಿದೆ. ಉಳಿದಿದ್ದ ಸಾಗುವಾನಿ ತುಂಡುಗಳಿಗೆ ಅರ್ಧಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿ, ಒಂದನ್ನು ಬರೀ ಗಾಜಿನ ಹಿಂದೆ, ಒಂದನ್ನು ಅತಿನೇರಳೆ ತಡೆಯುವ ಯು.ವಿ. ಫಿಲ್ಮ್ ಅಂಟಿಸಿದ ಗಾಜಿನ ಹಿಂದೆ, ಇನ್ನೊಂದನ್ನು ಫಿಲ್ಮ್ ಜೊತೆಗೆ ಪರದೆಯೂ ಇರುವ ಕಡೆ ಇಟ್ಟೆ. ಮೂರು ತಿಂಗಳು ಬಿಟ್ಟು ಹಾಳೆ ಬಿಚ್ಚಿದರೆ, ಮೊದಲನೆಯದರಲ್ಲಿ ಚಾಕುವಿನಲ್ಲಿ ಕೊಯ್ದ ಹಾಗೆ ಗೆರೆ. ಎರಡನೆಯದರಲ್ಲೂ ಗೆರೆ ಇತ್ತು, ಮಸುಕಾಗಿ. ಮೂರನೆಯದರಲ್ಲಿ ಓರೆಯಾಗಿ ಹಿಡಿದು ಹುಡುಕಬೇಕಾಯಿತು. ಫಿಲ್ಮ್ ಮಾರುವವರು 99 ಪರ್ಸೆಂಟ್ ಅನ್ನುವುದು ಅತಿನೇರಳೆಯ ಲೆಕ್ಕ. ಕಣ್ಣಿಗೆ ಕಾಣುವ ಬೆಳಕೂ ಬಣ್ಣ ತೆಗೆಯುತ್ತದೆ, ಅದನ್ನು ತಡೆಯಲು ನೆರಳೇ ಬೇಕು.

ಹಾಗಾಗಿ ಎರಡೂ ಮಾಡಿದೆ. ಕಿಟಕಿಗಳಿಗೆ ಒಳಗಿನಿಂದ ಫಿಲ್ಮ್, ಹೊರಗೆ ಅಂಟಿಸಿದರೆ ಉಪ್ಪುಗಾಳಿ ಬಿಡುವುದಿಲ್ಲ. ಎಡಗಡೆಗೆ ಹೊರಗಿನಿಂದ ಹೆಣೆದ ತೆಂಗಿನ ಮಡಲಿನ ತಟ್ಟಿ. ಹೊರಗೆ ಇಳಿಬಿಟ್ಟದ್ದಕ್ಕೆ ಬಿಸಿಯೂ ಗಾಜಿನ ಹೊರಗೇ ನಿಲ್ಲುತ್ತದೆ. ವರ್ಷಕ್ಕೊಮ್ಮೆ ಬದಲಿಸಬೇಕು, ಖರ್ಚು ಏನೂ ಅಲ್ಲ. ಆದರೆ ಬೆಂಗಳೂರಿನಿಂದ ಬಂದವರು "ಸಾರ್, ಹೊಳೆ ನೋಡೋಕೆ ತಾನೇ ಬಂದಿರೋದು, ಇದನ್ನ ಎತ್ತಬಹುದಾ?" ಅಂದರೆ ಇಲ್ಲ ಅನ್ನುವುದು ಹೇಗೆ? ಎತ್ತಿಕೊಡುತ್ತೇನೆ. ಅವರು ಇಳಿದ ಕೂಡಲೇ ಹುಡುಗ ಎಲ್ಲ ತಟ್ಟಿ ಇಳಿಸಬೇಕು, ಹಾಸಿಗೆ ಬದಲಿಸುವುದು ಆಮೇಲೆ.

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಕಾಸಿಲ್ಲದ ಉಪಾಯ. ಹದಿನೈದು ದಿನಕ್ಕೊಮ್ಮೆ ನೀರು ತುಂಬಿದ ಹೊತ್ತು ನೋಡಿ ಬೋಟನ್ನು ತಿರುಗಿಸಿ, ಮೂತಿ ತೆಂಕಿಗೆ ಮಾಡಿ ಕಟ್ಟುತ್ತೇವೆ. ಇಬ್ಬರು, ಎರಡು ಗಳ, ಅರ್ಧ ಗಂಟೆ. ಜಮಖಾನವನ್ನೂ ವಾರಕ್ಕೊಮ್ಮೆ ಸರಿಸುತ್ತೇವೆ. ಅಡಿಯಲ್ಲಿ ರಬ್ಬರಿರುವ ಮ್ಯಾಟ್ ಎಲ್ಲ ತೆಗೆದುಹಾಕಿದೆ. ಅದು ತೇವ ಹಿಡಿದಿಟ್ಟು ಪಾಲಿಶ್ ಮೇಲೆ ತನ್ನದೇ ಅಚ್ಚು ಒತ್ತಿತ್ತು.

ಹೊಸ ಪಾಲಿಶ್ ಆದದ್ದು ಜನವರಿಯಲ್ಲಿ, ಕಟ್ಟಕಡೆಗೆ. ಹೊರಾಂಗಣಕ್ಕೆಂದೇ ಬರುವ, ಹೊಳಪಿಲ್ಲದ ಮ್ಯಾಟ್ ಫಿನಿಶ್‌ನ ಪಿ.ಯು., ಅಂದರೆ ಪಾಲಿಯುರೆಥೇನ್ ಪಾಲಿಶ್. ತೆಳ್ಳಗೆ ಮೂರು ಕೈ, ನಡುನಡುವೆ 320 ನಂಬರ್ ಪೇಪರ್. ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿ ಅಂತ ಹೇಳಿದವರೂ ಇದ್ದರು. ಅದು ಬೋಟಿನ ಹೊರಮೈಗೆ ಸರಿ. ಬರಿಗಾಲಲ್ಲಿ ಓಡಾಡುವ ನೆಲಕ್ಕೆ ಬೇಡ, ಕಪ್ಪಾಗುತ್ತದೆ, ಹಸಿಯಾಗಿದ್ದರೆ ಚರ್ಮವನ್ನೂ ಸುಡುತ್ತದೆ.

ಹಾಲ್‌ನಲ್ಲಿ ಜಮಖಾನದ ಅಡಿಯಿದ್ದ ಆ ಚೌಕ ಈಗಲೂ ಇದೆ, ತಿಕ್ಕಿ ತಿಕ್ಕಿ ತುಸು ಮಸುಕಾಗಿದೆ ಅಷ್ಟೇ. ಕೋಣೆಯ ಕಿತ್ತುಹೋದ ಜಾಗಕ್ಕೆ ಆಚಾರ್ರು ತೇಪೆ ಹಾಕಿಕೊಟ್ಟಿದ್ದಾರೆ, ಆದರೆ ಎಳೆ ಹೊಂದಲಿಲ್ಲ. ಬಂದವರಿಗೆ "ಬ್ಯಾಗ್ ಇಲ್ಲಿಡಿ" ಅಂತ ನಾನು ಆ ಮೂಲೆಯನ್ನೇ ತೋರಿಸುತ್ತೇನೆ.