ಹಳ್ಳಿಯಲ್ಲಿ ಮನೆ ಕಟ್ಟಲು ಪಂಚಾಯಿತಿ ಅನುಮತಿ ಪಡೆಯುವುದು ಹೇಗೆ?

ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಮಲೆನಾಡಿನ ಪಂಚಾಯಿತಿ ಕಚೇರಿಗಳಲ್ಲಿ ಮನೆ ಅರ್ಜಿಗಳ ರಾಶಿ ಬೀಳುತ್ತದೆ. ಎಲ್ಲರಿಗೂ ಒಂದೇ ಅವಸರ. ಜೂನ್ ಮಳೆ ಹಿಡಿಯುವುದರೊಳಗೆ ಹೆಂಚೋ ಸ್ಲ್ಯಾಬೋ ಮೇಲೆ ಬೀಳಬೇಕು, ಇಲ್ಲದಿದ್ದರೆ ಕಟ್ಟಿದ ಗೋಡೆ ನಾಲ್ಕು ತಿಂಗಳು ನೆನೆಯುತ್ತ ನಿಲ್ಲುತ್ತದೆ. ಫೆಬ್ರುವರಿಯಲ್ಲಿ ಅರ್ಜಿ ಕೊಟ್ಟು ಮಾರ್ಚಿಗೆ ಪಾಯ ತೆಗೆಯುವ ಲೆಕ್ಕ ಹಾಕಿದವರ ಪೈಕಿ ಅರ್ಧ ಜನ ಮುಂದಿನ ವರ್ಷಕ್ಕೆ ದೂಡಿಸಿಕೊಳ್ಳುತ್ತಾರೆ. ಕಾಗದದ ಕೆಲಸಕ್ಕೆ ಮಳೆಗಾಲವೇ ಸರಿಯಾದ ಕಾಲ. ಗದ್ದೆ ನಾಟಿ ಮುಗಿಸಿ ಕಚೇರಿ ಮೆಟ್ಟಿಲು ಹತ್ತಿ. ದೀಪಾವಳಿಗೆ ಅನುಮತಿ ಪತ್ರ ಕೈಯಲ್ಲಿರಲಿ.

ಕಾನೂನು ಹೇಳುವುದು ಇಷ್ಟು. 1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದ ಪ್ರಕಾರ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಇಲ್ಲದೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಇರುವುದನ್ನು ವಿಸ್ತರಿಸುವಂತಿಲ್ಲ, ಕೆಡವಿ ಮತ್ತೆ ಕಟ್ಟುವಂತೆಯೂ ಇಲ್ಲ. ಕೊಟ್ಟಿಗೆ ತೆಗೆದು ಮಗನಿಗೊಂದು ರೂಮು ಮಾಡಿಸಿದರೂ ಇದೇ ನಿಯಮ. ‘ಲಿಖಿತ’ ಎಂಬ ಪದ ನೆನಪಿರಲಿ. ಅಧ್ಯಕ್ಷರು ಮದುವೆ ಮನೆಯಲ್ಲಿ ಸಿಕ್ಕಾಗ ‘ಕಟ್ರಿ, ನಾನಿದೀನಿ’ ಅಂದದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಮೊದಲು ಜಾಗದ ಜಾತಕ

ಎಂಜಿನಿಯರ್ ಹತ್ತಿರ ನಕ್ಷೆ ಬರೆಸುವ ಮುನ್ನ ಮಾಡಬೇಕಾದ ಕೆಲಸ ಇದು. ಪಂಚಾಯಿತಿಯಲ್ಲಿ ಹಿಂದೆ ಬೀಳುವ ಅರ್ಜಿಗಳಲ್ಲಿ ನಕ್ಷೆ ಸರಿಯಿಲ್ಲ ಎಂದು ಬಿದ್ದವು ಕಡಿಮೆ. ಜಾಗ ಯಾವ ಲೆಕ್ಕದಲ್ಲಿದೆ ಎಂಬಲ್ಲೇ ಹೆಚ್ಚಿನವು ಮುಗ್ಗರಿಸುತ್ತವೆ.

ಗ್ರಾಮಠಾಣಾದ, ಅಂದರೆ ಊರಿನ ಜನವಸತಿಗೆಂದು ಗುರುತಿಸಿದ ನೆಲದ, ಒಳಗಿನ ಜಾಗವಾದರೆ ದಾರಿ ಸಲೀಸು. ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 (ಆಸ್ತಿಯ ವಿವರ) ಮತ್ತು 11ಎ (ತೆರಿಗೆ ಬೇಡಿಕೆಯ ವಿವರ) ತೆಗೆಸಿ ಮುಂದಿನ ಹೆಜ್ಜೆಗೆ ಹೋಗಬಹುದು. ಹಿಡುವಳಿ ಜಮೀನಾದರೆ ಭೂ ಕಂದಾಯ ಅಧಿನಿಯಮದ 95ನೇ ಪ್ರಕರಣದಡಿ ಭೂ ಪರಿವರ್ತನೆ ಆಗಿರಬೇಕು. ಅದು ಜಿಲ್ಲಾಧಿಕಾರಿಯವರ ಅಧಿಕಾರ, ಪಂಚಾಯಿತಿಯದ್ದಲ್ಲ. ಸಾಗುವಳಿಗೆ ಅನುಕೂಲವಾಗಲೆಂದು ರೈತನೇ ತನ್ನ ಜಮೀನಿನಲ್ಲಿ ಕಟ್ಟಿಕೊಳ್ಳುವ ತೋಟದ ಮನೆಗೆ ಅದೇ ಪ್ರಕರಣದಲ್ಲಿ ರಿಯಾಯಿತಿ ಇದೆ. ಹಿಡುವಳಿಯ ಶೇ 10ರಷ್ಟನ್ನು ಅದು ಮೀರಬಾರದು. ಹೋಂಸ್ಟೇ ಮಾಡುವವರು ತೋಟದ ಮನೆಯ ಹೆಸರಲ್ಲಿ ಅರ್ಜಿ ಹಾಕುವುದುಂಟು. ಆಮೇಲೆ ಫಜೀತಿ ಪಡುವುದೂ ಉಂಟು. ಇನ್ನು ಸಕ್ರಮವಾಗದ ಜಾಗಕ್ಕೆ ಕೊಡುವ ನಮೂನೆ 11ಬಿ. ಅದನ್ನು ತೋರಿಸಿ ತೆರಿಗೆ ಕಟ್ಟಬಹುದು, ಆದರೆ ಜಾಗವನ್ನು ಸಕ್ರಮ ಮಾಡುವ ಕಾಗದ ಅದಲ್ಲ.

ನಮ್ಮ ಸೀಮೆಯ ನಿಜವಾದ ತೊಡಕು ಇರುವುದು ಸೊಪ್ಪಿನ ಬೆಟ್ಟದಲ್ಲಿ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ತೋಟ ಇರುವುದು ತಗ್ಗಿನಲ್ಲಿ, ಶೀತದ ಜಾಗದಲ್ಲಿ. ಮನೆಗೆ ಎತ್ತರದ ಒಣ ನೆಲ ಬೇಕು. ಕಣ್ಣಿಗೆ ಬೀಳುವುದು ತೋಟದ ಮೇಲಿನ ಬೆಟ್ಟ. ಅಜ್ಜನ ಕಾಲದಿಂದ ಅಲ್ಲೇ ಸೊಪ್ಪು ಕಡಿದು, ದರಗು ಗುಡಿಸಿ, ಬೇಲಿ ಹಾಕಿಕೊಂಡು ಬಂದದ್ದರಿಂದ ಅದು ನಮ್ಮದೇ ಎಂಬ ಭಾವನೆ ಬೇರೂರಿರುತ್ತದೆ. ಪಹಣಿ ತೆಗೆಸಿ ನೋಡಿದರೆ ಸರ್ಕಾರ ಎಂದಿರುತ್ತದೆ. ತೋಟದವನಿಗೆ ಇರುವುದು ಸೊಪ್ಪು ಸೌದೆಯ ಸವಲತ್ತು, ಮಾಲೀಕತ್ವ ಅಲ್ಲ.

ಒಂದು ಪಂಚಾಯಿತಿಯಲ್ಲಿ ನಾನು ಕೂತಿದ್ದಾಗಲೇ ಇಂಥ ಅರ್ಜಿಯೊಂದು ಬಂತು. ‘ಬೆಟ್ಟ ನಮ್ದೇ ಅಲ್ವಾ ಮಾರಾಯ್ರೆ’ ಎಂದರು ಅರ್ಜಿದಾರರು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪಹಣಿಯಲ್ಲಿ ಮಾಲೀಕರ ಹೆಸರಿರುವ ಒಂಬತ್ತನೇ ಕಾಲಂ ಮೇಲೆ ಪೆನ್ನಿಟ್ಟು, ‘ನಿಮ್ದೇ ಹೆಗಡೇರೆ, ಸೊಪ್ಪಿಗೆ’ ಎಂದರು. ಪಕ್ಕದಲ್ಲಿದ್ದ ಬಿಲ್ ಕಲೆಕ್ಟರ್ ನಕ್ಕುಬಿಟ್ಟ. ಹೆಗಡೆಯವರಿಗೆ ನಗು ಬರಲಿಲ್ಲ. ಆಗಲೇ ಎರಡು ಲೋಡು ಜಂಬಿಟ್ಟಿಗೆ ಇಳಿಸಿಯಾಗಿತ್ತು.

ಸರ್ಕಾರಿ ಜಾಗದಲ್ಲಿ ಈಗಾಗಲೇ ಮನೆ ಕಟ್ಟಿ ವಾಸವಾಗಿರುವವರಿಗೆ ಅದೇ ಭೂ ಕಂದಾಯ ಅಧಿನಿಯಮದ 94ಸಿ ಪ್ರಕರಣದ ಅಡಿ ಸಕ್ರಮಕ್ಕೆ ಅವಕಾಶ ಇದೆ. ಅರ್ಜಿ ಹೋಗುವುದು ತಹಶೀಲ್ದಾರರ ಕಡೆಗೆ. ‘94ಸಿ ಮಾಡಿಸಿಕೊಡ್ತೇವೆ, ಕಟ್ಟಿ’ ಎಂದು ಹೊಸ ಮನೆಗೆ ಹುರಿದುಂಬಿಸುವವರನ್ನು ನಂಬಬೇಡಿ. ಅದು ಹಳೆಯ ಮನೆಗಳಿಗೆ ಮಾಡಿದ ಕಾನೂನು. ಅರಣ್ಯ ಭೂಮಿಯಾದರೆ ಪಂಚಾಯಿತಿ ಏನೂ ಮಾಡುವಂತಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಗ್ರಾಮದ ಅರಣ್ಯ ಹಕ್ಕು ಸಮಿತಿಗೆ ಅರ್ಜಿ ಕೊಡಬೇಕು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅಲ್ಲಿದ್ದುದನ್ನು ತೋರಿಸಿದರೆ ಸಾಕು. ಉಳಿದವರು ಅದರ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸಕ್ಕೆ ಸಾಕ್ಷ್ಯ ಕೊಡಬೇಕು. 1964ರ ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯಲ್ಲಿ ಎದ್ದು ಬಂದು ಕಾಡಂಚಿನಲ್ಲಿ ನೆಲೆ ನಿಂತ ಎಷ್ಟೋ ಕುಟುಂಬಗಳು ಈ ಎರಡೂ ಲೆಕ್ಕಕ್ಕೆ ಸಿಗದೆ ಇವತ್ತಿಗೂ ಹಕ್ಕುಪತ್ರ ಕಾಯುತ್ತಿವೆ. ಅವರ ಮಟ್ಟಿಗೆ ‘ಹೇಗೆ ಮಾಡುವುದು’ ಎಂಬ ಲೇಖನ ಬರೆಯಲು ನನ್ನಿಂದಾಗದು.

ಪಶ್ಚಿಮಘಟ್ಟ ಉಳಿಸುವ ಬಗೆಗಿನ ಕಸ್ತೂರಿರಂಗನ್ ವರದಿಯ ಭಯವೂ ಅರ್ಜಿದಾರರ ಜತೆ ಕಚೇರಿಗೆ ಬರುತ್ತದೆ. ಕೇಂದ್ರ ಹೊರಡಿಸಿರುವುದು ಕರಡು ಅಧಿಸೂಚನೆಗಳು. ಅವು ತಡೆಯಲು ಹೊರಟಿರುವುದು 20 ಸಾವಿರ ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಗಳನ್ನು, ಟೌನ್‌ಶಿಪ್‌ಗಳನ್ನು. ನಿಮ್ಮ ಎರಡು ಅಂಕಣದ ಮನೆಗೆ ಆ ಕಾರಣ ಕೊಟ್ಟು ಅರ್ಜಿ ವಾಪಸ್ ಕೊಟ್ಟರೆ, ಅದನ್ನೇ ಬರೆದು ಕೊಡಿ ಎನ್ನಿ.

ಕಾಗದ ಮತ್ತು ಚೆಕ್ಕುಬಂದಿ

ಅರ್ಜಿಯ ಜತೆ ಇಡಬೇಕಾದವು: ನಮೂನೆ 9 ಮತ್ತು 11ಎ, ಕ್ರಯಪತ್ರ ಅಥವಾ ಹಕ್ಕುಪತ್ರ, ಪರಿವರ್ತನೆಯಾಗಿದ್ದರೆ ಅದರ ಆದೇಶ, ತೆರಿಗೆ ಕಟ್ಟಿದ ರಸೀದಿ, ಮನೆಯ ನಕ್ಷೆ, ಆಧಾರ್ ಪ್ರತಿ. ಖಾತೆ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದ್ದರೆ ಮೊದಲು ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ, ಅಣ್ಣತಮ್ಮಂದಿರ ಒಪ್ಪಿಗೆ ಪಡೆದು ಖಾತೆ ಬದಲಿಸಿಕೊಳ್ಳಿ. ಅಕ್ಕತಂಗಿಯರನ್ನೂ ಕೇಳಿ, ಸಹಿ ಬಿಟ್ಟುಹೋದ ಒಬ್ಬ ಅಕ್ಕನಿಂದ ನಿಂತುಹೋದ ಮನೆಗಳು ಪ್ರತಿ ಹೋಬಳಿಯಲ್ಲೂ ಸಿಗುತ್ತವೆ.

ಆಮೇಲೆ ಚೆಕ್ಕುಬಂದಿಯನ್ನು, ಅಂದರೆ ಜಾಗದ ನಾಲ್ಕು ದಿಕ್ಕಿನ ಗಡಿ ವಿವರವನ್ನು, ಅಕ್ಷರ ಅಕ್ಷರ ಓದಿ. ನನ್ನ ಅರ್ಜಿ ಎರಡು ತಿಂಗಳು ಧೂಳು ತಿಂದದ್ದು ಒಂದೇ ಪದಕ್ಕೆ. ಕ್ರಯಪತ್ರದಲ್ಲಿ ಪೂರ್ವಕ್ಕೆ ‘ಹಳ್ಳ’ ಎಂದಿತ್ತು, ಪಂಚಾಯಿತಿ ದಾಖಲೆಯಲ್ಲಿ ‘ದಾರಿ’ ಎಂದು. ಎರಡೂ ನಿಜವೇ. ಬೇಸಿಗೆಯಲ್ಲಿ ಅದು ಗಾಡಿ ಹೋಗುವ ದಾರಿ, ಆಷಾಢದಲ್ಲಿ ಮೊಣಕಾಲುದ್ದ ನೀರು ಹರಿಯುವ ಹಳ್ಳ. ಸಾಫ್ಟ್‌ವೇರಿಗೆ ಇದನ್ನು ಯಾರು ತಿಳಿಸಿ ಹೇಳಬೇಕು? ಕೊನೆಗೆ ಸರ್ವೆಯರ್ ಬಂದು ಅಳತೆ ಮಾಡಿ ‘ಹಳ್ಳದ ದಾರಿ’ ಎಂದು ಬರೆದ ಮೇಲೆ ಕಡತ ಕದಲಿತು.

ಅರ್ಜಿಯನ್ನು ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರದಲ್ಲಿ ಕೊಟ್ಟು, ಸ್ವೀಕೃತಿ ಚೀಟಿ ಕೈಗೆ ಬರುವವರೆಗೆ ಕೌಂಟರ್ ಬಿಟ್ಟು ಏಳಬೇಡಿ. ಪಂಚಾಯಿತಿ ತೀರ್ಮಾನ ತಿಳಿಸಬೇಕಾದ ಗಡುವಿನ ಲೆಕ್ಕ ಆ ಚೀಟಿಯ ತಾರೀಖಿನಿಂದಲೇ ಶುರು.

ಧರೆಯ ಕೆಳಗಾ, ಮೇಲಾ?

ಸ್ಥಳ ಪರಿಶೀಲನೆಗೆ ಬಂದವರು ರಸ್ತೆ, ಚರಂಡಿ, ಬಚ್ಚಲ ನೀರು ಹೋಗುವ ದಿಕ್ಕು, ಶೌಚದ ಗುಂಡಿ ಮತ್ತು ಬಾವಿಯ ನಡುವಿನ ದೂರ ನೋಡುತ್ತಾರೆ. ನೀವು ಇನ್ನೊಂದನ್ನು ನೋಡಿಕೊಳ್ಳಿ. ಈಗ ಜೆಸಿಬಿ ತಂದು ಗುಡ್ಡವನ್ನು ಲಂಬವಾಗಿ ಕೊರೆದು ಸಮತಟ್ಟು ಮಾಡುವುದು ಒಂದು ದಿನದ ಕೆಲಸ. ಹಿಂದೆ ನಿಂತ ಧರೆ, ಅಂದರೆ ಕಡಿದ ಗುಡ್ಡದ ಮಣ್ಣಿನ ಗೋಡೆ, ಮೊದಲ ಮಳೆಗಾಲಕ್ಕೆ ಏನೂ ಮಾಡದು. ಎರಡನೆಯದಕ್ಕೋ ಮೂರನೆಯದಕ್ಕೋ ಅಡುಗೆಮನೆಗೆ ಬರುತ್ತದೆ. ಧರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ, ಮೇಲೆ ಅಗಳು ತೆಗೆಸಿ ನೀರನ್ನು ಬೇರೆ ಕಡೆ ತಿರುಗಿಸುವುದನ್ನು ನಕ್ಷೆಯಲ್ಲೇ ಬರೆಸಿ. ಪಂಚಾಯಿತಿ ಕೇಳದಿರಬಹುದು. ಕೇಳದಿದ್ದರೂ ಬರೆಸಿ.

ಸಭೆಯ ದಿನ

ಅರ್ಜಿ ಪಂಚಾಯಿತಿಯ ಸಾಮಾನ್ಯ ಸಭೆಗೆ ಬಂದರೆ ಅಲ್ಲಿ ಠರಾವು ಆಗಬೇಕು. ನಿಮ್ಮ ವಾರ್ಡಿನ ಸದಸ್ಯರಿಗೆ ಮುಂಚೆಯೇ ಕಡತದ ಸಂಖ್ಯೆ ಕೊಟ್ಟಿರಿ, ಇಲ್ಲವಾದರೆ ಕುಡಿಯುವ ನೀರು, ಬೀದಿ ದೀಪದ ಜಗಳದಲ್ಲೇ ಹೊತ್ತು ಮುಳುಗಿ ಮನೆ ಅರ್ಜಿಗಳು ‘ಮುಂದಿನ ಸಭೆಗೆ’ ಹೋಗುತ್ತವೆ. ಪಕ್ಕದ ಮನೆಯವರ ತಕರಾರು ಬಂದಿದೆ ಎಂದು ಹೇಳಿದರೆ ಅದರ ಪ್ರತಿ ಕೇಳಿ ಪಡೆಯಿರಿ. ದಾರಿ ಮುಚ್ಚುತ್ತದೆ, ಮಾಡಿನ ನೀರು ನಮ್ಮ ಅಂಗಳಕ್ಕೆ ಬೀಳುತ್ತದೆ ಎಂಬಂಥವನ್ನು ಪಂಚಾಯಿತಿ ನೋಡಬಹುದು. ಜಾಗವೇ ಯಾರದ್ದು ಎಂಬ ವ್ಯಾಜ್ಯ ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯ. ಸಭೆಯಾದ ಮೇಲೆ ಠರಾವಿನ ಸಂಖ್ಯೆ, ತಾರೀಖು ಬರೆದುಕೊಳ್ಳಿ.

ಇಲ್ಲ ಎಂದರೆ

ಬಾಯಿಮಾತಿನ ‘ಇಲ್ಲ’ವನ್ನು ಒಪ್ಪಿಕೊಳ್ಳಬೇಡಿ, ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೇಳಿ. ಕಾರಣ ಬರೆದ ಹಿಂಬರಹ ಕೈಯಲ್ಲಿದ್ದರೆ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಹಣಾಧಿಕಾರಿ ಮುಂದೆ ಮೇಲ್ಮನವಿ ಹಾಕಬಹುದು, ತಡ ಮಾಡಬೇಡಿ. ಹಿಂಬರಹವನ್ನೂ ಕೊಡದೆ ಸತಾಯಿಸಿದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ ಸಭೆಯ ನಡಾವಳಿ ಮತ್ತು ಕಡತದ ಪ್ರತಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಬಹಳ ಸಲ ಉತ್ತರಕ್ಕೆ ಮೊದಲೇ ಅನುಮತಿ ಪತ್ರ ಬರುವುದು ಈ ಅರ್ಜಿಯ ಗುಣ.

ವಸತಿ ಯೋಜನೆಯ ಮನೆಗಳ ದಾರಿ ಬೇರೆ. ಬಸವ ವಸತಿ, ಅಂಬೇಡ್ಕರ್ ನಿವಾಸ್ ಯೋಜನೆಗಳ ಫಲಾನುಭವಿಗಳನ್ನು ಆರಿಸುವುದು ಗ್ರಾಮ ಸಭೆ. ಹಾಗಾಗಿ ಮನೆ ಬೇಕಾದವರು ಅವತ್ತು ಅಲ್ಲಿರಬೇಕು, ಪಟ್ಟಿ ಓದುವಾಗ ಎದ್ದು ಹೆಸರು ಕೇಳಬೇಕು. ನಮ್ಮಲ್ಲಿ ಆ ಹೊತ್ತಿಗೆ ಅರ್ಧ ಜನ ಚಹಾ ಕುಡಿಯಲು ಹೊರಗಿರುತ್ತಾರೆ. ಹಣ ಬರುವುದು ಕಂತಿನಲ್ಲಿ, ಪಾಯ, ಗೋಡೆ, ಚಾವಣಿಯ ಫೋಟೊ ಸ್ಥಳದಿಂದಲೇ ಏರಿಸಿದ ಮೇಲೆ. ನೆಟ್‌ವರ್ಕ್ ಸಿಗದ ಊರಿನವರು ಅದಕ್ಕೂ ಒಂದು ದಿನ ಇಟ್ಟುಕೊಳ್ಳಿ.

ಸೈಟು ಕೊಳ್ಳುವವರಿಗೊಂದು ಮಾತು. ಶಿವಮೊಗ್ಗ, ಸಾಗರದ ಸುತ್ತ ‘ಪಂಚಾಯಿತಿ ಅಪ್ರೂವ್ಡ್ ಲೇಔಟ್’ ಎಂಬ ಬೋರ್ಡು ಕಂಡರೆ ನಿಂತು ಯೋಚಿಸಿ. ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡುವುದು ಯೋಜನಾ ಪ್ರಾಧಿಕಾರ ಅಥವಾ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆ. ಆ ನಕ್ಷೆಯ ಪ್ರತಿ ನೋಡದೆ ಮುಂಗಡ ಕೊಡಬೇಡಿ.

ಮನೆ ಎದ್ದ ಮೇಲೆ ಒಕ್ಕಲಿನ ಗಡಿಬಿಡಿಯಲ್ಲಿ ಒಂದು ಕೆಲಸ ಮರೆಯುತ್ತದೆ. ಪಂಚಾಯಿತಿಗೆ ಹೋಗಿ ಖಾಲಿ ಜಾಗ ಎಂದಿದ್ದ ಕಡೆ ಕಟ್ಟಡ ಎಂದು ಬರೆಸಿ, ಹೊಸ ತೆರಿಗೆ ಕಟ್ಟಿ ಮನೆ ನಂಬರು ಪಡೆಯಿರಿ. ಮೆಸ್ಕಾಂನವರು ಮೀಟರ್ ಕೂರಿಸುವ ಮುನ್ನ ಯಾವ ಯಾವ ಕಾಗದ ಕೇಳುತ್ತಾರೆ ಎಂದು ಅದೇ ದಿನ ಸೆಕ್ಷನ್ ಆಫೀಸಿನಲ್ಲಿ ವಿಚಾರಿಸಿ ಬಂದರೆ ಎರಡನೇ ಸಲ ಬಸ್ಸು ಹತ್ತುವುದು ತಪ್ಪುತ್ತದೆ.