ಬಿ.ಆರ್ಕ್ ಸೀಟು ಹಿಡಿಯುವ ಮುನ್ನ ಮಾಸ್ಟರ್ಸ್ ಲೆಕ್ಕ

ಕೌನ್ಸೆಲಿಂಗ್ ಹೊತ್ತಿಗೆ ಮನೆಯವರೆಲ್ಲ ಕೇಳುವುದು ಫೀಸು ಎಷ್ಟು, ಪ್ಲೇಸ್‌ಮೆಂಟ್ ಹೇಗೆ, ಹಾಸ್ಟೆಲ್ ಇದೆಯಾ ಎಂದು. ಬಿ.ಆರ್ಕ್ (ಆರ್ಕಿಟೆಕ್ಚರ್ ಪದವಿ) ಆದ ಮೇಲೆ ಮಾಸ್ಟರ್ಸ್ ಮಾಡುವ ಮನಸ್ಸು ಈಗಲೇ ಇದ್ದರೆ ಕೇಳಬೇಕಾದ ಪ್ರಶ್ನೆಗಳು ಬೇರೆ. ಐದು ವರ್ಷ ಕಳೆದ ಮೇಲೆ ಪ್ರವೇಶ ಸಮಿತಿಯ ಮೇಜಿನ ಮೇಲೆ ಬೀಳುವುದು ಮುಖ್ಯವಾಗಿ ಮೂರು: ಅಂಕಪಟ್ಟಿ, ಪೋರ್ಟ್‌ಫೋಲಿಯೊ (ನೀವು ಮಾಡಿದ ವಿನ್ಯಾಸಗಳ ಸಂಕಲನ), ಅಧ್ಯಾಪಕರ ಶಿಫಾರಸು ಪತ್ರ. ಮೂರೂ ತಯಾರಾಗುವುದು ನೀವು ಈಗ ಆರಿಸುವ ಕಾಲೇಜಿನಲ್ಲೇ. ಹಾಗಾಗಿ ಯಾವ ಕಾಲೇಜು ಈ ಮೂರನ್ನು ಚೆನ್ನಾಗಿ ಮಾಡಿಕೊಡುತ್ತದೆ ಎಂಬುದನ್ನು ನೋಡಿ ಸೀಟು ಹಿಡಿಯಬೇಕು. ಬೋರ್ಡಿನ ಮೇಲಿನ ಹೆಸರು ಆಮೇಲಿನ ಮಾತು.

ಮೊದಲು ಒಂದು ಸಾಲಿನ ತಪಾಸಣೆ. ಬಿ.ಆರ್ಕ್ ಎಂದರೆ ಐದು ವರ್ಷ, ಹತ್ತು ಸೆಮಿಸ್ಟರ್. 1972ರ ವಾಸ್ತುಶಿಲ್ಪಿಗಳ ಕಾಯ್ದೆಯಡಿ ಇರುವ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನ ಮಾನ್ಯತೆ ಕಾಲೇಜಿಗೆ ಇರಬೇಕು, ಅದೂ ನೀವು ಸೇರುವ ವರ್ಷಕ್ಕೆ. ಹಿಂದಿನ ವರ್ಷ ಮಾನ್ಯತೆ ಇತ್ತು ಎನ್ನುವ ಮಾತು ಸಾಲದು. ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಕಾಲೇಜುವಾರು ಪಟ್ಟಿ ಇದೆ, ಅನುಮೋದಿತ ಸೀಟಿನ ಸಂಖ್ಯೆಯ ಸಮೇತ ನೋಡಿಕೊಳ್ಳಿ. ಬಿ.ಡಿಸ್ ಇಂಟೀರಿಯರ್, ಬಿ.ಪ್ಲಾನ್ ಇವೆಲ್ಲ ಒಳ್ಳೆಯ ಕೋರ್ಸುಗಳೇ, ಆದರೆ ಅವುಗಳ ಬಲದಿಂದ ಆರ್ಕಿಟೆಕ್ಟ್ ಎಂದು ನೋಂದಣಿ ಆಗದು.

ಬಾಗಿಲುಗಳು

ಕರ್ನಾಟಕದ ಕಾಲೇಜುಗಳಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೊಡುವ ರ‍್ಯಾಂಕು ನಾಟಾ (ಆರ್ಕಿಟೆಕ್ಚರ್ ಪ್ರವೇಶಕ್ಕಿರುವ ರಾಷ್ಟ್ರಮಟ್ಟದ ಪರೀಕ್ಷೆ) ಅಂಕ ಮತ್ತು ಪಿಯುಸಿ ಅಂಕ ಎರಡಕ್ಕೂ ಅರ್ಧರ್ಧ ತೂಕ ಕೊಟ್ಟು ತೆಗೆದದ್ದು. ಖಾಸಗಿ ಕಾಲೇಜುಗಳ ಒಕ್ಕೂಟವಾದ ಕಾಮೆಡ್‌ಕೆ ಸೀಟಿಗೂ ನಾಟಾ ಬೇಕು. ಎನ್‌ಐಟಿಗಳಿಗೆ ಮತ್ತು ದೆಹಲಿ, ಭೋಪಾಲ್, ವಿಜಯವಾಡದ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ಗಳಿಗೆ (ಎಸ್‌ಪಿಎ) ಜೆಇಇ ಮೇನ್‌ನ ಪೇಪರ್ 2ಎ. ಐಐಟಿಗಳಲ್ಲಿ ಬಿ.ಆರ್ಕ್ ಇರುವುದು ಖರಗ್‌ಪುರ, ರೂರ್ಕಿ, ಬಿಎಚ್‌ಯುಗಳಲ್ಲಿ. ಅಲ್ಲಿಗೆ ಜೆಇಇ ಅಡ್ವಾನ್ಸ್‌ಡ್ ಜೊತೆಗೆ ಎಎಟಿ ಎಂಬ ಆರ್ಕಿಟೆಕ್ಚರ್ ಅಭಿರುಚಿ ಪರೀಕ್ಷೆ ಪಾಸಾಗಬೇಕು.

ಇಲ್ಲಿ ನಮ್ಮವರು ಗಮನಿಸದ ಒಂದು ತೊಡಕಿದೆ. ಎನ್‌ಐಟಿಗಳಲ್ಲಿ ಅರ್ಧದಷ್ಟು ಸೀಟು ಆಯಾ ರಾಜ್ಯದವರಿಗೆ ಮೀಸಲು. ನಮ್ಮ ಸುರತ್ಕಲ್‌ನಲ್ಲಿ ಬಿ.ಆರ್ಕ್ ಇಲ್ಲ. ಅಂದರೆ ಕರ್ನಾಟಕದ ವಿದ್ಯಾರ್ಥಿ ಕ್ಯಾಲಿಕಟ್‌ಗಾಗಲಿ ತಿರುಚ್ಚಿಗಾಗಲಿ ಹೋದರೂ ಹೊರರಾಜ್ಯದವರ ಪಾಲಿನ ಅರ್ಧಕ್ಕೇ ಸ್ಪರ್ಧಿಸಬೇಕು. ಅದೇ ರ‍್ಯಾಂಕಿಗೆ ಆ ರಾಜ್ಯದ ಹುಡುಗನಿಗೆ ಸಿಕ್ಕಿದ ಸೀಟು ನಿಮಗೆ ಸಿಗದೇ ಹೋಗಬಹುದು. ಐಐಟಿ ಮತ್ತು ಎಸ್‌ಪಿಎಗಳಲ್ಲಿ ಈ ಲೆಕ್ಕವಿಲ್ಲ. ಆಯ್ಕೆಪಟ್ಟಿ ತುಂಬುವಾಗ ಕಳೆದ ಬಾರಿಯ ಕಟಾಫನ್ನು ಹೊರರಾಜ್ಯದ ಕಾಲಮ್ಮಿನಲ್ಲೇ ನೋಡಿ.

ಮಾಸ್ಟರ್ಸ್ ಎಂದರೆ ಯಾವ ಮಾಸ್ಟರ್ಸ್?

ದೇಶದೊಳಗಿನ ದಾರಿ ನೇರ. ಐಐಟಿ, ಎನ್‌ಐಟಿಗಳ ಎಂ.ಆರ್ಕ್, ಎಂ.ಪ್ಲಾನ್‌ಗೆ ಗೇಟ್ ಪರೀಕ್ಷೆಯ ಎಆರ್ ಪತ್ರಿಕೆ ಬರೆಯಬೇಕು: 100 ಅಂಕ, 3 ಗಂಟೆ, ಸ್ಕೋರು ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಡಿಸೈನ್ ಕಡೆ ಒಲವಿದ್ದರೆ ಎಂ.ಡಿಸ್‌ಗೆ ಸೀಡ್ ಪ್ರವೇಶ ಪರೀಕ್ಷೆ. ಗೇಟ್ ಎಆರ್‌ನಲ್ಲಿ ಕಟ್ಟಡ ಸೇವೆ (ನೀರು, ವಿದ್ಯುತ್ತಿನಂಥವು), ಕಟ್ಟಡದ ರಚನೆ (ಸ್ಟ್ರಕ್ಚರ್), ನಗರ ಯೋಜನೆ, ಇತಿಹಾಸ ಎಲ್ಲ ಬರುತ್ತವೆ. ಸ್ಟುಡಿಯೊದಲ್ಲಿ (ವಿನ್ಯಾಸದ ತರಗತಿ) ಮಿಂಚಿ ಥಿಯರಿಯನ್ನು ಕೊನೆಯ ರಾತ್ರಿಯ ಓದಿಗೆ ಬಿಟ್ಟವರು ಸಿಕ್ಕಿಬೀಳುವುದು ಇಲ್ಲೇ. ಥಿಯರಿ ಪಾಠ ಗಟ್ಟಿಯಾಗಿ ನಡೆಯುವ ಸಾಧಾರಣ ಹೆಸರಿನ ಕಾಲೇಜು ಈ ದಾರಿಗೆ ಚೆನ್ನಾಗಿಯೇ ಒದಗುತ್ತದೆ.

ಗೊಂದಲ ಹೆಚ್ಚು ಇರುವುದು ಅಮೆರಿಕದ ವಿಷಯದಲ್ಲಿ. ಅಲ್ಲಿ ಮಾಸ್ಟರ್ಸ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಪದವಿಗಳಿವೆ. ಒಂದು ವೃತ್ತಿಪರ ಎಂ.ಆರ್ಕ್. ಇದಕ್ಕೆ ನ್ಯಾಬ್ ಎಂಬ ಸಂಸ್ಥೆಯ ಮಾನ್ಯತೆ ಇರುತ್ತದೆ, ಆರ್ಕಿಟೆಕ್ಟ್ ಆಗಿ ಕೆಲಸ ಮಾಡುವ ಲೈಸೆನ್ಸಿಗೆ ಇದೇ ರಾಜಮಾರ್ಗ. ಇನ್ನೊಂದು ವೃತ್ತಿಪರ ಪದವಿ ಈಗಾಗಲೇ ಇರುವವರಿಗಾಗಿ ಮಾಡಿದ್ದು: ಹಾರ್ವರ್ಡ್‌ನ ಎಂ.ಆರ್ಕ್ 2, ಎಂಐಟಿಯ ಎರಡು ವರ್ಷದ ಎಸ್‌ಎಂಆರ್ಕ್‌ಎಸ್, ಕೊಲಂಬಿಯಾದ ಮೂರು ಸೆಮಿಸ್ಟರಿನ ಅಡ್ವಾನ್ಸ್‌ಡ್ ಆರ್ಕಿಟೆಕ್ಚರಲ್ ಡಿಸೈನ್. ನಮ್ಮ ಐದು ವರ್ಷದ ಬಿ.ಆರ್ಕ್ ಮುಗಿಸಿದವರನ್ನು ಈ ಎರಡನೆಯ ಗುಂಪು ಕೈಬೀಸಿ ಕರೆಯುತ್ತದೆ. ಅವಧಿ ಕಡಿಮೆ, ಹೆಸರು ದೊಡ್ಡದು. ಆದರೆ ಅವಕ್ಕೆ ನ್ಯಾಬ್ ಮಾನ್ಯತೆ ಇಲ್ಲ. ಅಲ್ಲೇ ಉಳಿದು ಲೈಸೆನ್ಸ್ ಪಡೆಯಬೇಕೆಂದಾಗ ಭಾರತದ ಬಿ.ಆರ್ಕ್ ಅನ್ನೇ ಇಇಎಸ್‌ಎ ಎಂಬ ಮೌಲ್ಯಮಾಪನಕ್ಕೆ ಕೊಟ್ಟು, ಕೊರತೆ ಕಂಡ ವಿಷಯಗಳನ್ನು ಬೇರೆಯಾಗಿ ಓದಿ ತುಂಬಿಸಬೇಕಾಗುತ್ತದೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂಥ ಕೆಲವು ರಾಜ್ಯಗಳಲ್ಲಿ ಹೆಚ್ಚು ವರ್ಷಗಳ ಅನುಭವ ತೋರಿಸುವ ದಾರಿಯೂ ಉಂಟು.

ಇದಕ್ಕೂ ಈಗ ಕಾಲೇಜು ಆರಿಸುವುದಕ್ಕೂ ಏನು ಸಂಬಂಧ? ಇಇಎಸ್‌ಎ ಆಗಲಿ, ವೃತ್ತಿಪರ ಎಂ.ಆರ್ಕ್‌ನಲ್ಲಿ ಮೊದಲ ವರ್ಷದ ಕೋರ್ಸುಗಳಿಂದ ವಿನಾಯಿತಿ ಕೇಳುವುದಾಗಲಿ, ಎರಡಕ್ಕೂ ಆಧಾರ ನಿಮ್ಮ ವಿಷಯವಾರು ಸಿಲಬಸ್. ಪ್ರತಿ ವಿಷಯದ ಗಂಟೆ, ಕ್ರೆಡಿಟ್, ಪಾಠದ ವಿವರ ಎಲ್ಲವೂ ಮುದ್ರಿತ ರೂಪದಲ್ಲಿ ಬೇಕು. ಸ್ಕೀಮು (ಯಾವ ಸೆಮಿಸ್ಟರಿಗೆ ಯಾವ ವಿಷಯ ಎಂಬ ಪಟ್ಟಿ) ಮತ್ತು ಸಿಲಬಸ್ಸನ್ನು ವರ್ಷದ ಹೆಸರಿನ ಸಮೇತ ವೆಬ್‌ಸೈಟಿನಲ್ಲಿಟ್ಟಿರುವ ವಿಶ್ವವಿದ್ಯಾಲಯವಾದರೆ ಅರ್ಧ ಕೆಲಸ ಮುಗಿದಂತೆ. ‘ಕೇಳಿದರೆ ಕೊಡುತ್ತೇವೆ’ ಎನ್ನುವಲ್ಲಿ ಆರು ವರ್ಷದ ಬಳಿಕ ಹಳೆಯ ಸ್ಕೀಮು ಯಾರ ಕಪಾಟಿನಲ್ಲೂ ಸಿಗುವುದಿಲ್ಲ.

ಅಮೆರಿಕದಲ್ಲೇ ಬೆಳೆದ ಕನ್ನಡದ ಮಕ್ಕಳಿಗೆ ಲೆಕ್ಕ ತಿರುಗುಮುರುಗು. ಕಾರ್ನೆಲ್, ಸಿರಾಕ್ಯೂಸ್, ವರ್ಜೀನಿಯಾ ಟೆಕ್‌ನಂಥಲ್ಲಿ ಐದು ವರ್ಷದ ಬಿ.ಆರ್ಕ್ ಇದೆ, ಅದೇ ವೃತ್ತಿಪರ ಪದವಿ. ಮಿಶಿಗನ್, ಬರ್ಕ್‌ಲಿಗಳಲ್ಲಿ ನಾಲ್ಕು ವರ್ಷದ ಪದವಿ, ಅದಕ್ಕೆ ನ್ಯಾಬ್ ಮಾನ್ಯತೆ ಇಲ್ಲ. ವೃತ್ತಿಪರ ಪದವಿ ಬೇಕೆಂದರೆ ಅದರ ಮೇಲೆ ಸುಮಾರು ಎರಡು ವರ್ಷದ ಎಂ.ಆರ್ಕ್ ಮಾಡಲೇಬೇಕು. ಮಾಸ್ಟರ್ಸ್ ಖಚಿತವೆಂದಿದ್ದರೆ ನಾಲ್ಕು ವರ್ಷದ ದಾರಿ ಹಗುರ, ಬೇರೆ ವಿಷಯಗಳನ್ನೂ ಓದಲು ಜಾಗವಿರುತ್ತದೆ. ಖಚಿತವಿಲ್ಲದಿದ್ದರೆ ಬಿ.ಆರ್ಕ್ ಕ್ಷೇಮ. ನಾಲ್ಕು ವರ್ಷ ಮುಗಿಸಿ ಬೇರೆ ವಿಶ್ವವಿದ್ಯಾಲಯಕ್ಕೆ ಹೋದರೆ ಎರಡು ವರ್ಷವೋ ಎರಡೂವರೆಯೋ ಮೂರೋ ಎಂಬುದನ್ನು ಪೋರ್ಟ್‌ಫೋಲಿಯೊ ನೋಡಿ ಅವರೇ ಹೇಳುತ್ತಾರೆ. ಸಾಲದ ಲೆಕ್ಕ ಹಾಕುವಾಗ ಆ ಹೆಚ್ಚಿನ ವರ್ಷವನ್ನೂ ಸೇರಿಸಿಕೊಳ್ಳಿ.

ಬ್ರಿಟನ್ನಿನಲ್ಲೂ ಇದೇ ಹೆಸರಿನ ಮೋಸ. ಅಲ್ಲಿ ಆರ್ಕಿಟೆಕ್ಟ್ ಆಗುವ ದಾರಿಯ ಎರಡನೇ ಹಂತವಾದ ಆರ್‌ಐಬಿಎ ಪಾರ್ಟ್ 2 ಕೊಡುವ ಎಂ.ಆರ್ಕ್ ಎರಡು ವರ್ಷದ್ದು. ಒಂದು ವರ್ಷದ ಅಥವಾ ಹದಿನಾರು ತಿಂಗಳ ಎಂ.ಆರ್ಕ್‌ಗಳು ಸಂಶೋಧನೆ, ಕಂಪ್ಯುಟೇಶನ್‌ಗೆ ಸೊಗಸು, ಪಾರ್ಟ್ 2 ಅಲ್ಲ.

ಅಂಕ

ಆರ್ಕಿಟೆಕ್ಚರಿನಲ್ಲಿ ಕೆಲವು ಕಾಲೇಜುಗಳು ಸ್ಟುಡಿಯೊ ಅಂಕವನ್ನು ಬಿಗಿಹಿಡಿಯುತ್ತವೆ, ಇನ್ನು ಕೆಲವು ಧಾರಾಳ. ಜರ್ಮನಿಯ ಉದಾಹರಣೆ ನೋಡಿದರೆ ಇದು ಎಷ್ಟು ಕಚ್ಚುತ್ತದೆಂದು ತಿಳಿಯುತ್ತದೆ. ಅಲ್ಲಿ ಹೊರದೇಶದ ಅಂಕವನ್ನು ಮಾರ್ಪಡಿಸಿದ ಬವೇರಿಯನ್ ಸೂತ್ರದಿಂದ ಪರಿವರ್ತಿಸುತ್ತಾರೆ: ಗರಿಷ್ಠದಿಂದ ನಿಮ್ಮ ಅಂಕ ಕಳೆದು, ಅದನ್ನು ಗರಿಷ್ಠ ಮತ್ತು ಪಾಸ್ ಅಂಕದ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ ಒಂದು ಕೂಡಿಸುವುದು. 1.0 ಅತ್ಯುತ್ತಮ. ಇಬ್ಬರಿಗೂ ಶೇ 68 ಬಂದಿದೆ ಎನ್ನೋಣ. ಒಬ್ಬರ ವಿಶ್ವವಿದ್ಯಾಲಯದಲ್ಲಿ ಪಾಸ್ ಅಂಕ 40, ಇನ್ನೊಬ್ಬರದ್ದರಲ್ಲಿ 50. ಮೊದಲನೆಯವರದು 2.6, ಎರಡನೆಯವರದು 2.92. ಓದಿದ್ದು ಒಂದೇ, ಫಲ ಬೇರೆ. ಅಂಕಪಟ್ಟಿಯ ಹಿಂಬದಿಯಲ್ಲಿ ಮುದ್ರಿಸಿದ ಪಾಸ್ ಅಂಕ ಎಷ್ಟು, ಸಿಜಿಪಿಎಯನ್ನು ಶೇಕಡಕ್ಕೆ ಬದಲಿಸುವ ಸೂತ್ರ ಯಾವುದು ಎಂದು ಸೀನಿಯರ್ ಒಬ್ಬರ ಮಾರ್ಕ್ಸ್‌ಕಾರ್ಡ್ ಕೇಳಿ ನೋಡಿ. ಜರ್ಮನಿಗೆ ಹೋಗುವವರಿಗೆ ಎಪಿಎಸ್ ಪ್ರಮಾಣಪತ್ರವೂ (ನಿಮ್ಮ ಓದಿನ ದಾಖಲೆ ಪರಿಶೀಲಿಸಿ ಕೊಡುವಂಥದ್ದು) ಬೇಕು. ಅದಕ್ಕೆ ಎಲ್ಲ ಸೆಮಿಸ್ಟರಿನ ಅಂಕಪಟ್ಟಿ ಕೈಯಲ್ಲಿರಬೇಕು. ಮಾರ್ಕ್ಸ್‌ಕಾರ್ಡ್ ಕೊಡಲು ವರ್ಷಗಟ್ಟಲೆ ಎಳೆಯುವ ವಿಶ್ವವಿದ್ಯಾಲಯ ಇಲ್ಲಿ ದೊಡ್ಡ ಅಡ್ಡಿ.

ಕಾಲೇಜಿಗೆ ಹೋಗಿ ನೋಡುವಾಗ

ಓಪನ್ ಡೇ ದಿನ ಹೋಗಬೇಡಿ. ಸಾಧಾರಣ ವಾರದ ಮಧ್ಯಾಹ್ನ ಹೋಗಿ ಸ್ಟುಡಿಯೊ ಒಳಗೆ ನಿಲ್ಲಿ. ಗೋಡೆಯ ಮೇಲೆ ಈ ವಾರದ ಕೆಲಸ ಅಂಟಿಸಿದೆಯೇ, ಕಾರಿಡಾರಿನಲ್ಲಿ ಹೋದ ವರ್ಷದ ಚೆಂದದ ಹಾಳೆಗಳಷ್ಟೇ ಇವೆಯೇ? ತ್ಯಾಜ್ಯದ ಬುಟ್ಟಿಯಲ್ಲಿ ಫೋಮ್‌ಬೋರ್ಡ್ ಚೂರು, ಬಟರ್ ಪೇಪರ್ ಇದ್ದರೆ ಇಲ್ಲಿ ಕೆಲಸ ನಡೆಯುತ್ತಿದೆ ಎಂದರ್ಥ. ವರ್ಕ್‌ಶಾಪ್ ಬಾಗಿಲಿನ ಬೀಗ ಎಷ್ಟು ಹೊತ್ತಿಗೆ ತೆಗೆಯುತ್ತಾರೆ, ಸ್ಟುಡಿಯೊ ರಾತ್ರಿ ಎಷ್ಟರವರೆಗೆ ತೆರೆದಿರುತ್ತದೆ ಎಂದು ಪ್ರಿನ್ಸಿಪಾಲರ ಬದಲು ಮೂರನೇ ವರ್ಷದವರನ್ನು ಕೇಳಿ.

ಮುಂದೆ ಲೈಬ್ರರಿಯಲ್ಲಿ ಕಳೆದ ಎರಡು ವರ್ಷದ ಥೀಸಿಸ್ (ಕೊನೆಯ ವರ್ಷದ ಪ್ರಾಜೆಕ್ಟು) ಶೀರ್ಷಿಕೆಗಳ ಪಟ್ಟಿ ಕೇಳಿ. ಎಲ್ಲಕ್ಕಿಂತ ಹೆಚ್ಚು ಬಾಯಿಬಿಡುವ ಕಾಗದ ಇದು. ಸಾಲಾಗಿ ರೆಸಾರ್ಟ್, ಕನ್ವೆನ್ಶನ್ ಸೆಂಟರ್, ಐಟಿ ಪಾರ್ಕ್ ಎಂದಿದ್ದರೆ ಅಲ್ಲಿ ಥೀಸಿಸ್ ಎಂದರೆ ದೊಡ್ಡ ಕಟ್ಟಡವೊಂದರ ಡ್ರಾಯಿಂಗು, ಅಷ್ಟೇ. ಕೆರೆಯಂಚಿನ ವಸತಿ, ಹಳೆಯ ಪೇಟೆಯ ಮಳೆನೀರು, ಬಸ್ ನಿಲ್ದಾಣದ ಸುತ್ತಲಿನ ಬೀದಿ ವ್ಯಾಪಾರ ಎಂದೆಲ್ಲ ಇದ್ದರೆ ಪ್ರಶ್ನೆ ಕೇಳಲು ಕಲಿಸುತ್ತಾರೆ ಎಂದು ತಿಳಿಯಬಹುದು. ಮಾಸ್ಟರ್ಸ್ ಸಮಿತಿ ಹುಡುಕುವುದು ಈ ಎರಡನೆಯ ಬಗೆಯನ್ನೇ. ಥೀಸಿಸ್‌ಗೆ ಮುನ್ನ ಬರವಣಿಗೆಯ ಡಿಸರ್ಟೇಶನ್ ಪ್ರತ್ಯೇಕ ವಿಷಯವಾಗಿ ಇದೆಯೇ ಎಂದೂ ನೋಡಿ. ಪಿಎಚ್‌.ಡಿ. ಕಡೆಗೆ ಮನಸ್ಸಿದ್ದವರಿಗೆ ಬರವಣಿಗೆಯ ನಮೂನೆ ಕೇಳಿದಾಗ ಕೊಡಲು ಅದೊಂದೇ ಇರುತ್ತದೆ.

ಅಧ್ಯಾಪಕರ ಪಟ್ಟಿಯಲ್ಲಿ ಪೂರ್ಣಾವಧಿಯವರು ಎಷ್ಟು, ವಾರಕ್ಕೊಮ್ಮೆ ಬಂದುಹೋಗುವವರು ಎಷ್ಟು ಎಂದು ಬೇರೆಮಾಡಿ. ಬಂದುಹೋಗುವ ಪ್ರಾಕ್ಟಿಸಿಂಗ್ ಆರ್ಕಿಟೆಕ್ಟ್‌ಗಳಿಂದ ಸ್ಟುಡಿಯೊಗೆ ಜೀವ ಬರುತ್ತದೆ, ನಿಜ. ಶಿಫಾರಸು ಪತ್ರ ಬರೆಯುವ ಹೊತ್ತಿಗೆ ಅವರು ಎಲ್ಲಿರುತ್ತಾರೋ. ಅಮೆರಿಕದ ಹೆಚ್ಚಿನ ಕೋರ್ಸುಗಳು ಮೂರು ಪತ್ರ ಕೇಳುತ್ತವೆ. ಎರಡನೇ ವರ್ಷದಿಂದ ಐದನೇ ವರ್ಷದವರೆಗೆ ನಿಮ್ಮನ್ನು ಕಂಡ ಕನಿಷ್ಠ ಇಬ್ಬರು ಅಲ್ಲೇ ಉಳಿದಿರಬೇಕು. ‘ಶ್ರಮಶೀಲ, ಸಮಯಪಾಲಕ’ ಎಂಬ ಸಿದ್ಧ ಒಕ್ಕಣೆಯ ಪತ್ರದಿಂದ ಏನೂ ಆಗದು.

ನಿಮ್ಮ ಒಲವು ಯಾವ ಕಡೆ ಎಂದು ಅಂದಾಜಿದ್ದರೆ ಅದಕ್ಕೆ ತಕ್ಕಂತೆ ನೋಡಿ. ಸಂರಕ್ಷಣೆಯಾದರೆ ಅಳತೆ ಡ್ರಾಯಿಂಗಿನ ಪ್ರವಾಸಗಳು, ಆರ್ಕಿಟೆಕ್ಚರ್ ವಿದ್ಯಾರ್ಥಿಗಳ ರಾಷ್ಟ್ರೀಯ ಸಂಘವಾದ ನಾಸಾದ ಲೂಯಿ ಕಾನ್ ಟ್ರೋಫಿಗೆ ಕಾಲೇಜು ದಾಖಲೀಕರಣ ಕಳಿಸುತ್ತದೆಯೇ ಎಂಬುದು. ನಗರ ಯೋಜನೆಯಾದರೆ ಜಿಐಎಸ್ (ಕಂಪ್ಯೂಟರಿನ ನಕ್ಷೆ ಕೆಲಸ), ಅಂಕಿಅಂಶ. ಕಟ್ಟಡ ವಿಜ್ಞಾನವಾದರೆ ಹಗಲುಬೆಳಕು, ಶಾಖದ ಸಿಮ್ಯುಲೇಶನ್ ಪಾಠ. ಅಂದಾಜಿಲ್ಲದಿದ್ದರೂ ಚಿಂತೆಯಿಲ್ಲ, ಐಚ್ಛಿಕ ವಿಷಯಗಳು ಹೆಚ್ಚಿರುವಲ್ಲಿ ಸೇರಿ.

ಸೇರಿದ ದಿನದಿಂದ

ಬಹಳ ಕಡೆ ಪರೀಕ್ಷೆಗೆ ಸಲ್ಲಿಸಿದ ಡ್ರಾಯಿಂಗ್ ಹಾಳೆಗಳನ್ನು ಕಾಲೇಜೇ ಇಟ್ಟುಕೊಳ್ಳುತ್ತದೆ. ಕಟ್ಟಡದ ಮಾದರಿಗಳು (ಮಾಡೆಲ್) ಮಳೆಗಾಲ ದಾಟುವುದಿಲ್ಲ. ಹಾಗಾಗಿ ಸಲ್ಲಿಸುವ ಮುನ್ನವೇ ಸ್ಕ್ಯಾನ್ ಮಾಡಿಸಿ. ಎ1 ಹಾಳೆಯನ್ನು 300 ಡಿಪಿಐನಲ್ಲಿ ತೆಗೆದರೆ 7016 × 9933 ಪಿಕ್ಸೆಲ್ ಸಿಗುತ್ತದೆ, ಒಂದು ಮೂಲೆಯನ್ನು ಕತ್ತರಿಸಿ ಪೂರ್ಣ ಪುಟ ಮಾಡಲು ಅಷ್ಟು ಸಾಕು. ಮೊಬೈಲಿನಲ್ಲಿ ಕ್ಲಿಕ್ಕಿಸಿದ ಹಾಳೆಯ ಗೆರೆ ಅಂಚಿನಲ್ಲಿ ಬಾಗಿರುತ್ತದೆ, ಆಮೇಲೆ ಸರಿಪಡಿಸಲು ಒದ್ದಾಡಬೇಕು. ಮಾದರಿಯನ್ನು ಜ್ಯೂರಿಯ (ಪರೀಕ್ಷಕರ ಮುಂದೆ ಕೆಲಸ ಮಂಡಿಸುವುದು) ಮುಂಚಿನ ಸಂಜೆಯೇ ಬೂದು ಹಾಳೆಯ ಮೇಲಿಟ್ಟು ಒಂದೇ ಕಿಟಕಿಯ ಬೆಳಕಿನಲ್ಲಿ, ಕಣ್ಣಿನ ಮಟ್ಟದಿಂದ ತೆಗೆಯಿರಿ. ಜ್ಯೂರಿ ಮುಗಿದ ಮೇಲೆ ಅರ್ಧ ಮುರಿದಿರುತ್ತದೆ. ಗುಂಪಿನ ಕೆಲಸದಲ್ಲಿ ನಿಮ್ಮ ಪಾಲು ಯಾವುದೆಂದು ಅಂದೇ ಬರೆದಿಡಿ.

ಪೋರ್ಟ್‌ಫೋಲಿಯೊಗೆ ನಾಲ್ಕೈದು ಪ್ರಾಜೆಕ್ಟು ಸಾಕು. ರೆಂಡರುಗಳನ್ನೇ ತುಂಬಿಸಿ ಪ್ಲಾನು, ಸೆಕ್ಷನ್ನು ಬಿಟ್ಟರೆ ಸಮಿತಿ ಪುಟ ಮಗುಚಿ ಮುಂದೆ ಹೋಗುತ್ತದೆ. ಎಡವಿದ ಒಂದು ಹಂತ ಮತ್ತು ಅದನ್ನು ತಿದ್ದಿದ ಸ್ಕೆಚ್ಚನ್ನು ಒಳಗಿಡಿ.

ಅಮೆರಿಕದ ಅರ್ಜಿಗಳು ಹೆಚ್ಚಾಗಿ ಡಿಸೆಂಬರ್–ಜನವರಿಯಲ್ಲಿ ಮುಗಿಯುತ್ತವೆ. ಥೀಸಿಸ್ ಮತ್ತು ಅರ್ಜಿ ಒಂದೇ ಚಳಿಗಾಲಕ್ಕೆ ಬಿದ್ದರೆ ಎರಡೂ ಕೆಡುತ್ತವೆ. ಬಿ.ಆರ್ಕ್ ಮುಗಿಸಿ ಒಂದೆರಡು ವರ್ಷ ಕಚೇರಿಯಲ್ಲಿ ದುಡಿದು ಅರ್ಜಿ ಹಾಕಿದವರ ಬರಹದಲ್ಲಿ ಏನು ಓದಬೇಕೆಂಬುದು ಸ್ಪಷ್ಟವಾಗಿರುತ್ತದೆ. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನ ಅಂಕ ಎರಡೇ ವರ್ಷ ಚಾಲ್ತಿ, ತೀರಾ ಮೊದಲೇ ಬರೆಯಬೇಡಿ. ಪದವಿ ಕೈಗೆ ಬಂದ ಕೂಡಲೇ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಮಾಡಿಸಿ, ವಿಮಾನ ಹತ್ತಿದ ಮೇಲೆ ಅದಕ್ಕೆ ಬೇಕಾದ ಮೂಲ ಪತ್ರಗಳನ್ನು ಊರಿನಿಂದ ಹುಡುಕಿಸುವುದು ಕಷ್ಟ. ವಿಶ್ವವಿದ್ಯಾಲಯದಿಂದ ಮೊಹರು ಹಾಕಿದ ಟ್ರಾನ್ಸ್‌ಕ್ರಿಪ್ಟ್ ಲಕೋಟೆಗಳನ್ನೂ ಅದೇ ಓಡಾಟದಲ್ಲಿ ಬೇಕಾದ್ದಕ್ಕಿಂತ ಎರಡು ಹೆಚ್ಚೇ ತೆಗೆದಿಟ್ಟುಕೊಳ್ಳಿ.