ಸೋರುವ ನಲ್ಲಿಗೆ ಮೊದಲು ಒಣಬಟ್ಟೆ

ಅಡುಗೆಮನೆಯ ನಲ್ಲಿ ಹನಿಯಲು ಶುರುವಾದರೆ ನಮ್ಮ ಕೈ ಮೊದಲು ಹೋಗುವುದು ಅದರ ಹಿಡಿಯ ಮೇಲೆ. ಇನ್ನಷ್ಟು ಬಿಗಿಯಾಗಿ ತಿರುವುತ್ತೇವೆ, ಹನಿ ನಿಲ್ಲುತ್ತದೆ. ನಾಲ್ಕು ದಿನ ಕಳೆದರೆ ಮತ್ತೆ ಹನಿ, ಮತ್ತೆ ಬಿಗಿ. ಕೊನೆಗೆ ಮಕ್ಕಳ ಕೈಯಲ್ಲಿ ತೆರೆಯಲೂ ಆಗದ, ಮುಚ್ಚಲೂ ಆಗದ ಸ್ಥಿತಿಗೆ ಬಂದು ನಿಲ್ಲುತ್ತದೆ. ಸಂಸಾರದ ಹೊಸದರಲ್ಲಿ ನಾನೂ ವರ್ಷಗಟ್ಟಲೆ ಹೀಗೆಯೇ ಮಾಡಿದವಳು. ಆ ಬಿಗಿಯೇ ನಲ್ಲಿಯನ್ನು ತಿನ್ನುತ್ತಿತ್ತು ಎಂದು ತಿಳಿದದ್ದು, ಮೊದಲ ಸಲ ಅದನ್ನು ಬಿಚ್ಚಿ ಒಳಗಿನ ವಾಷರನ್ನು ಅಂಗೈ ಮೇಲೆ ಇಟ್ಟು ನೋಡಿದಾಗ. ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಕಪ್ಪು ರಬ್ಬರ್ ಬಿಲ್ಲೆ. ಅದರ ಮುಖದ ಮೇಲೆ ಉಂಗುರ ಒತ್ತಿದ ಹಾಗೆ ಆಳವಾದ ಅಚ್ಚು, ಒಂದು ಕಡೆ ರಬ್ಬರ್ ಸೀಳಿ ಚಿಗುರಿನಂತೆ ಎದ್ದು ನಿಂತಿತ್ತು. ಬೆರಳಿನಲ್ಲಿ ತಿಕ್ಕಿದರೆ ಮಸಿ ಹತ್ತುತ್ತಿತ್ತು. ಅಂದಿನಿಂದ ನಲ್ಲಿಯನ್ನು ನೀರು ನಿಲ್ಲುವಷ್ಟು ಮಾತ್ರ ತಿರುವುತ್ತೇನೆ, ಮನೆಯವರಿಗೂ ಅದನ್ನೇ ಹೇಳುತ್ತೇನೆ.

ರಿಪೇರಿಗೆ ಕೂರುವ ಮುನ್ನ ಮಾಡಬೇಕಾದ ಕೆಲಸ ಒಂದಿದೆ. ಒಣಬಟ್ಟೆ ತೆಗೆದುಕೊಂಡು ನಲ್ಲಿಯನ್ನು ಬುಡದಿಂದ ಮೂತಿಯವರೆಗೆ ಚೆನ್ನಾಗಿ ಒರೆಸಿ, ಐದು ನಿಮಿಷ ಸುಮ್ಮನೆ ನೋಡುತ್ತಾ ನಿಲ್ಲಿ. ಮೊದಲ ಹನಿ ಎಲ್ಲಿ ಮೂಡುತ್ತದೋ ಅಲ್ಲಿಯೇ ರೋಗ. ನೀರು ಲೋಹದ ಮೈ ಹಿಡಿದು ಹರಿದು ಎಲ್ಲೋ ತೊಟ್ಟಿಕ್ಕುವುದರಿಂದ, ಒದ್ದೆಯಾದ ನಲ್ಲಿಯನ್ನು ನೋಡಿ ಊಹಿಸಿದರೆ ತಪ್ಪುವುದೇ ಹೆಚ್ಚು. ಮುಚ್ಚಿದಾಗಲೂ ಮೂತಿಯಿಂದ ಹನಿಯುತ್ತಿದ್ದರೆ ಒಳಗಿನ ವಾಷರ್, ಅಥವಾ ಹೊಸ ಬಗೆಯ ನಲ್ಲಿಯಲ್ಲಿ ವಾಷರಿನ ಬದಲು ನೀರು ತಡೆಯುವ ಕಾರ್ಟ್ರಿಡ್ಜ್ ಸವೆದಿದೆ. ತೆರೆದಾಗ ಮಾತ್ರ ಹಿಡಿಯ ಕೆಳಗೆ ನೀರು ಜಿನುಗಿದರೆ ಹಿಡಿಯೊಂದಿಗೆ ತಿರುಗುವ ಒಳಗಿನ ಕಡ್ಡಿಯ, ಅಂದರೆ ಸ್ಪಿಂಡಲ್ಲಿನ ಸುತ್ತ ನೀರು ತಡೆಯಲು ತುಂಬಿದ ಪ್ಯಾಕಿಂಗ್ ಸಡಿಲವಾಗಿದೆ. ಆಚೀಚೆ ತಿರುಗುವ ಉದ್ದ ಕೊಳವೆಯ ಬುಡದಲ್ಲಿ ಬಂದರೆ ಅಲ್ಲಿನ ಓ ರಿಂಗ್ ಎಂಬ ರಬ್ಬರ್ ಬಳೆ ಸವೆದಿದೆ. ಒಂದು ಮಾತು ನೆನಪಿಡಿ: ಬಾಗಿದ ಎತ್ತರದ ಕೊಳವೆ ಇರುವ ನಲ್ಲಿಯನ್ನು ಮುಚ್ಚಿದ ಮೇಲೆ ಒಂದೆರಡು ನಿಮಿಷ ಅಲ್ಲೊಂದು ಇಲ್ಲೊಂದು ಹನಿ ಬೀಳುವುದು ಸೋರಿಕೆಯಲ್ಲ. ಕೊಳವೆಯೊಳಗೆ ನಿಂತ ನೀರು ಇಳಿದುಬರುತ್ತದೆ, ಅಷ್ಟೇ. ಅದು ತಾನಾಗಿ ನಿಲ್ಲುತ್ತದೆ.

ಹನಿ ತಾನೇ ಎಂದು ಬಿಡುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಸೆಕೆಂಡಿಗೆ ಒಂದು ಹನಿ ಎಂದರೆ ದಿನಕ್ಕೆ 86,400 ಹನಿ. ನಾಲ್ಕು ಸಾವಿರ ಹನಿಗೆ ಒಂದು ಲೀಟರ್ ಎಂದು ಹಿಡಿದರೂ ದಿನಕ್ಕೆ 20 ಲೀಟರಿಗೂ ಮೇಲೆ ಮೋರಿಗೆ ಹೋಯಿತು. ನಂಬಿಕೆ ಬಾರದಿದ್ದರೆ ರಾತ್ರಿ ಮಲಗುವಾಗ ಕೆಳಗೆ ಒಂದು ಪಾತ್ರೆ ಇಡಿ, ಬೆಳಿಗ್ಗೆ ಅಳೆದು ನೋಡಿ.

ಈಗ ವಾಷರ್ ಬದಲಿಸುವ ಕೆಲಸ. ಹಲವು ಸುತ್ತು ತಿರುವಬೇಕಾದ ಹಳೆಯ ಬಗೆಯ ನಲ್ಲಿಗಳಲ್ಲಿ ಇದೇ ಮುಖ್ಯ. ಮೊದಲು ಸಿಂಕಿನ ಕೆಳಗೆ ಆ ನಲ್ಲಿಯ ನೀರನ್ನಷ್ಟೇ ನಿಲ್ಲಿಸುವ ಆಂಗಲ್ ವಾಲ್ವ್ ಮುಚ್ಚಿ. ಅದು ಇಲ್ಲದಿದ್ದರೆ ಮನೆಗೆ ನೀರು ಬರುವ ಮುಖ್ಯ ವಾಲ್ವನ್ನೇ ಮುಚ್ಚಬೇಕು. ಆಮೇಲೆ ನಲ್ಲಿಯನ್ನು ಪೂರ್ತಿ ತೆರೆದುಬಿಡಿ. ಕೊಳವೆಯಲ್ಲಿ ಉಳಿದ ನೀರು ಇಳಿದುಹೋಗುತ್ತದೆ, ಒಳಗಿನ ವಾಷರ್ ತನ್ನ ಪೀಠದಿಂದ ಮೇಲೆ ಏಳುತ್ತದೆ. ಮುಚ್ಚಿದ ನಲ್ಲಿಯನ್ನು ಬಿಚ್ಚಲು ಹೋದರೆ ವಾಷರ್ ಕೆಳಗೆ ಒತ್ತಿಕೊಂಡೇ ಇದ್ದು ತಿರುಪಿನ ಸುರುಳಿ, ಅಂದರೆ ಥ್ರೆಡ್ ಹಾಳಾಗುತ್ತದೆ. ಸಿಂಕಿನ ತೂತಿಗೆ ಒಂದು ಬಟ್ಟೆ ತುರುಕಿಡಿ. ಇದನ್ನು ನಾನು ಕಲಿತದ್ದು, ಹಿಡಿಯ ಪುಟ್ಟ ತಿರುಪು ಜಾರಿ ಕೊಳವೆಯೊಳಗೆ ಹೋದ ದಿನ. ಬಿಚ್ಚಿದ ಭಾಗಗಳನ್ನು ಒಂದು ತಟ್ಟೆಯಲ್ಲಿ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಿ. ಈಗಿನವರು ಮೊಬೈಲಿನಲ್ಲಿ ಒಂದೊಂದು ಹಂತಕ್ಕೂ ಚಿತ್ರ ತೆಗೆದುಕೊಳ್ಳುತ್ತಾರೆ, ಅದು ಇನ್ನೂ ಒಳ್ಳೆಯದು.

ಹಿಡಿಯ ನೆತ್ತಿಯ ಮೇಲಿನ ಮುಚ್ಚಳ ಎಬ್ಬಿಸಿದರೆ ತಿರುಪು ಕಾಣುತ್ತದೆ. ಹಿಡಿ ತೆಗೆದ ಮೇಲೆ ಆರು ಮೂಲೆಯ ದೊಡ್ಡ ನಟ್ ಸಿಗುತ್ತದೆ. ಸ್ಪ್ಯಾನರಿನ ಹಲ್ಲಿಗೆ ಬಟ್ಟೆ ಸುತ್ತಿಕೊಳ್ಳಿ, ಇಲ್ಲವಾದರೆ ನಲ್ಲಿಯ ಹೊಳಪು ಕಿತ್ತುಬರುತ್ತದೆ. ಇನ್ನೊಂದು ಕೈಯಿಂದ ನಲ್ಲಿಯ ಮೈಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ತಿರುವಬೇಕು. ಹಿಡಿಯದೆ ತಿರುವಿದರೆ ಆ ಬಲವೆಲ್ಲ ಗೋಡೆಯೊಳಗಿನ ಕೊಳವೆಗೆ ಹೋಗುತ್ತದೆ. ಅಲ್ಲಿ ಜಾಯಿಂಟ್ ಬಿಟ್ಟರೆ ಒಂದು ಸಣ್ಣ ವಾಷರಿನ ಕೆಲಸ ಗೋಡೆ ಒಡೆಯುವ ಕೆಲಸವಾಗುತ್ತದೆ. ಸ್ಪಿಂಡಲ್ ಹೊರಬಂದ ಮೇಲೆ ಅದರ ತುದಿಯಲ್ಲಿರುವ ವಾಷರನ್ನು ತೆಗೆದು, ಅದನ್ನೇ ಅಂಗಡಿಗೆ ಒಯ್ದು ಅಳತೆಗೆ ಸರಿಹೊಂದುವುದನ್ನು ತನ್ನಿ. ಕಣ್ಣಳತೆಯಲ್ಲಿ ತಂದದ್ದು ಒಂದು ಎಳೆಯಷ್ಟು ಚಿಕ್ಕದಾದರೂ ನೀರು ನಿಲ್ಲುವುದಿಲ್ಲ. ಹಳೆಯದನ್ನೇ ಮಗುಚಿ ಹಾಕುವ ಅಭ್ಯಾಸ ಕೆಲವರಿಗಿದೆ. ರಾತ್ರಿ ಹೊತ್ತಿನಲ್ಲಿ ಬೇರೆ ದಾರಿಯಿಲ್ಲದಾಗ ನಾಲ್ಕು ದಿನಕ್ಕೆ ಸಾಕು, ಅದಕ್ಕಿಂತ ಹೆಚ್ಚು ನಂಬಬೇಡಿ.

ಹೊಸ ವಾಷರ್ ಹಾಕುವ ಮೊದಲು ಒಳಗೆ ಬೆರಳು ಇಳಿಸಿ ವಾಷರ್ ಕೂರುವ ಪೀಠವನ್ನು ಸವರಿ ನೋಡಿ. ಇದನ್ನು ಯಾರೂ ಮಾಡುವುದಿಲ್ಲ, ಮಾಡದಿರುವುದರಿಂದಲೇ ಹೊಸ ವಾಷರ್ ಹಾಕಿದ ತಿಂಗಳೊಳಗೆ ಮತ್ತೆ ಸೋರುತ್ತದೆ. ಪೀಠ ನುಣುಪಾದ ಉಂಗುರದಂತೆ ಇರಬೇಕು. ಬೆರಳಿಗೆ ತರಿತರಿ ತಾಗಿದರೆ ಅಥವಾ ಉಗುರು ಒಂದು ಗೀರಿನಲ್ಲಿ ಸಿಕ್ಕಿಕೊಂಡರೆ, ಆ ಅಂಚು ಎಷ್ಟು ವಾಷರ್ ಹಾಕಿದರೂ ಕೊಯ್ಯುತ್ತದೆ. ಹನಿಯುತ್ತಲೇ ಬಿಟ್ಟ ನಲ್ಲಿಯಲ್ಲಿ ನೀರು ಒಂದೇ ಜಾಗದಲ್ಲಿ ಹರಿದು ಹರಿದು ಲೋಹವನ್ನೇ ಕೊರೆದಿರುತ್ತದೆ. ಬರೀ ಸುಣ್ಣದ ಪದರವಾದರೆ ಬಟ್ಟೆಯನ್ನು ವಿನೆಗರಿನಲ್ಲಿ ಅದ್ದಿ ಒಳಗೆ ತಿಕ್ಕಿದರೆ ಹೋಗುತ್ತದೆ. ಲೋಹವೇ ಕೊರೆದಿದ್ದರೆ ಪೀಠವನ್ನು ಹೆರೆದು ಸಮ ಮಾಡುವ ಉಪಕರಣ ಪ್ಲಂಬರ್ ಬಳಿ ಇರುತ್ತದೆ. ತೀರಾ ಹಳೆಯ ನಲ್ಲಿಯಾದರೆ ಹೊಸದು ಹಾಕಿಸುವುದೇ ಸರಿ.

ಕಾಲು ಸುತ್ತು ತಿರುವಿದರೆ ತೆರೆದುಕೊಳ್ಳುವ ಹೊಸ ನಲ್ಲಿಗಳಲ್ಲಿ ರಬ್ಬರ್ ವಾಷರಿನ ಬದಲು ಕಾರ್ಟ್ರಿಡ್ಜ್ ಇರುತ್ತದೆ. ಅದರೊಳಗೆ ಕನ್ನಡಿಯಂತೆ ನುಣುಪಾದ ಎರಡು ಸೆರಾಮಿಕ್ ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ. ಎರಡರ ಕಿಂಡಿಗಳೂ ನೇರಕ್ಕೆ ಬಂದಾಗ ನೀರು ಬರುತ್ತದೆ, ತಪ್ಪಿಸಿದಾಗ ನಿಲ್ಲುತ್ತದೆ. ಇದನ್ನು ಬಿಗಿಯುವ ಮಾತೇ ಇಲ್ಲ. ತಿರುವು ಮುಗಿದ ಮೇಲೂ ಒತ್ತಿದರೆ ಮುರಿಯುವುದು ಹಿಡಿಯೋ ಒಳಗಿನ ಕಡ್ಡಿಯೋ. ಇದರ ಶತ್ರು ಮರಳು. ಒಂದೇ ಒಂದು ಕಣ ನಡುವೆ ಸಿಕ್ಕಿಕೊಂಡರೂ ಹನಿಯುತ್ತದೆ, ಹಾಗೆಯೇ ತಿರುವುತ್ತಾ ಹೋದರೆ ಬಿಲ್ಲೆಯ ಮೇಲೆ ಗೀರು ಬೀಳುತ್ತದೆ. ಬಿಚ್ಚಿ, ಹರಿಯುವ ನೀರಿನಲ್ಲಿ ತೊಳೆದು, ತಳದ ರಬ್ಬರ್ ಸೀಲನ್ನು ಒರೆಸಿ ಮತ್ತೆ ಕೂರಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಹೋಗದಿದ್ದರೆ ಕಾರ್ಟ್ರಿಡ್ಜನ್ನೇ ಬದಲಿಸಬೇಕು, ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಬೇಕು. ಹಿಡಿ ಕೂರುವ ತುದಿಯಲ್ಲಿ ಸುತ್ತಲೂ ಸಣ್ಣ ಹಲ್ಲುಗಳಿರುತ್ತವೆ. ಆ ಹಲ್ಲುಗಳ ಸಂಖ್ಯೆ, ಒಟ್ಟು ಉದ್ದ, ತಿರುಗುವ ದಿಕ್ಕು ಮೂರೂ ಹೊಂದಬೇಕು. ದಿಕ್ಕು ತಪ್ಪಿದರೆ ಮುಚ್ಚಲು ಹೋದಾಗ ತೆರೆದುಕೊಳ್ಳುವ ನಲ್ಲಿ ನಿಮ್ಮದಾಗುತ್ತದೆ. ಬಿಸಿ ನೀರು, ತಣ್ಣೀರು ಎರಡಕ್ಕೂ ಒಂದೇ ಹಿಡಿ ಇರುವ ನಲ್ಲಿಯಲ್ಲಿ ಕಾರ್ಟ್ರಿಡ್ಜ್ ದಪ್ಪಗಿರುತ್ತದೆ, ಸಾಮಾನ್ಯವಾಗಿ 35 ಅಥವಾ 40 ಮಿಲಿಮೀಟರ್ ಅಗಲ. ಅದರ ತಿರುಪು ಕೆಂಪು ನೀಲಿ ಗುರುತಿನ ಪುಟ್ಟ ಮುಚ್ಚಳದ ಹಿಂದೆ ಅಡಗಿರುತ್ತದೆ, ಬಿಚ್ಚಲು ಅಲೆನ್ ಕೀ ಎಂಬ ಆರು ಮೂಲೆಯ ಬಾಗಿದ ಕಡ್ಡಿ ಬೇಕಾಗುತ್ತದೆ.

ಕೆಲಸ ಮುಗಿದ ಮೇಲೆ ನೀರು ಬಿಡುವುದರಲ್ಲೂ ತಾಳ್ಮೆ ಬೇಕು. ಮೂತಿಯ ಜಾಲರಿಯನ್ನು ಬಿಚ್ಚಿಡಿ, ನಲ್ಲಿಯನ್ನು ತೆರೆದಿಡಿ, ಆಮೇಲೆ ಕೆಳಗಿನ ವಾಲ್ವನ್ನು ನಿಧಾನವಾಗಿ ತೆರೆಯಿರಿ. ಮೊದಲು ಗಾಳಿ ಬುಸುಗುಡುತ್ತದೆ, ಆಮೇಲೆ ಕಂದು ನೀರು, ಆಮೇಲೆ ತಿಳಿನೀರು. ತಿಳಿಯಾದ ಮೇಲೆಯೇ ಮುಚ್ಚಬೇಕು. ಮುಚ್ಚಿದ ನಲ್ಲಿಯ ಮೇಲೆ ಗಾಳಿ ತುಂಬಿದ ನೀರು ಒಮ್ಮೆಲೇ ಬಂದು ಬಡಿದರೆ ಸೆರಾಮಿಕ್ ಬಿಲ್ಲೆ ಬಿರುಕು ಬಿಡಬಹುದು.

ಹಿಡಿಯ ಕೆಳಗೆ ಜಿನುಗುವ ನೀರಿಗೆ ಮದ್ದು ಸುಲಭ. ಸ್ಪಿಂಡಲ್ ಸುತ್ತಲಿನ ಚಿಕ್ಕ ನಟ್ಟನ್ನು ಸುತ್ತಿನ ಎಂಟನೆಯ ಒಂದು ಭಾಗದಷ್ಟು ಮಾತ್ರ ಬಿಗಿಯಿರಿ, ನಿಲ್ಲದಿದ್ದರೆ ಇನ್ನೊಂದು ಅಷ್ಟು. ಹಿಡಿ ತಿರುಗಲು ಭಾರವಾದರೆ ಹೆಚ್ಚಾಯಿತೆಂದು ಅರ್ಥ. ಆಗಲೂ ನಿಲ್ಲದಿದ್ದರೆ ನೀರು ಮುಚ್ಚಿ ಆ ನಟ್ ಎಬ್ಬಿಸಿ, ಥ್ರೆಡ್ಡಿಗೆ ಸುತ್ತುವ ತೆಳು ಟೆಫ್ಲಾನ್ ಟೇಪನ್ನು ಬತ್ತಿಯಂತೆ ಹೊಸೆದು ಸ್ಪಿಂಡಲ್ಲಿಗೆ ನಾಲ್ಕು ಸುತ್ತು ಸುತ್ತಿ ನಟ್ ಕೂರಿಸಿ. ಕೊಳವೆಯ ಬುಡದ ಓ ರಿಂಗ್ ಬದಲಿಸುವುದೂ ಅಷ್ಟೇ ಸುಲಭ. ಆದರೆ ಹೊಸ ರಿಂಗ್ ಜಾರಲೆಂದು ಅಡುಗೆ ಎಣ್ಣೆಯನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ಹಚ್ಚಬೇಡಿ. ಎಣ್ಣೆ ಕುಡಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಸಿಲಿಕೋನ್ ಗ್ರೀಸ್ ಒಂದು ತೊಟ್ಟು ಸಾಕು.

ನಲ್ಲಿ ಗೋಡೆಗೆ ಸೇರುವಲ್ಲಿ ಒದ್ದೆಯಾದರೆ ಅದನ್ನು ಪೂರ್ತಿ ಬಿಚ್ಚಿ ಹಳೆಯ ಟೇಪ್ ಕಿತ್ತು ಹೊಸದು ಸುತ್ತಬೇಕು. ಥ್ರೆಡ್ಡಿನ ತುದಿಯನ್ನು ನಿಮ್ಮ ಕಡೆಗೆ ಹಿಡಿದುಕೊಂಡು ಗಡಿಯಾರದ ಮುಳ್ಳು ಹೋಗುವ ದಿಕ್ಕಿನಲ್ಲಿ, ಎಳೆದು ಹಿಡಿದು ಸುತ್ತಿ. ಎದುರು ದಿಕ್ಕಿನಲ್ಲಿ ಸುತ್ತಿದ ಟೇಪ್ ಕೂರಿಸುವಾಗಲೇ ಸುರುಳಿ ಬಿಚ್ಚಿಕೊಂಡು ಬರುತ್ತದೆ. ಹೆಚ್ಚು ಸುತ್ತಿದಷ್ಟೂ ಭದ್ರ ಎಂಬ ಭಾವನೆ ತಪ್ಪು. ಎದುರಿಗಿರುವುದು ಪ್ಲಾಸ್ಟಿಕ್ ಕೊಳವೆಯಾದರೆ ದಪ್ಪ ಟೇಪಿನ ಒತ್ತಡಕ್ಕೆ ಅದು ಸೀಳಿಹೋಗುತ್ತದೆ.

ಸಿಂಕಿನ ಕೆಳಗಿನ ಕಪಾಟಿನಲ್ಲಿ ನೀರು ಕಂಡರೆ ನಲ್ಲಿಯನ್ನೇ ದೂರಬೇಡಿ. ಪ್ರತಿ ಜಾಯಿಂಟಿಗೂ ಒಣ ಕಾಗದದ ಚೂರು ಸುತ್ತಿ ಅರ್ಧ ಗಂಟೆ ಬಿಟ್ಟು ನೋಡಿ, ಯಾವುದು ಒದ್ದೆಯೋ ಅದು ತಾನೇ ಹೇಳುತ್ತದೆ. ಸಿಂಕಿನ ತೂತು ಮುಚ್ಚಿ ನೀರು ತುಂಬಿ ಒಮ್ಮೆಗೇ ಬಿಟ್ಟಾಗ ಮಾತ್ರ ಕೆಳಗೆ ಒದ್ದೆಯಾದರೆ ತಪ್ಪು ಕೊಳೆನೀರಿನ ಕೊಳವೆಯದು. ವಾಲ್ವಿನಿಂದ ನಲ್ಲಿಗೆ ಹೋಗುವ ಹೆಣೆದ ಕೊಳವೆಯ ನಟ್ಟಿನೊಳಗೆ ಒಂದು ರಬ್ಬರ್ ವಾಷರ್ ಇರುತ್ತದೆ, ನೀರು ತಡೆಯುವುದು ಅದೇ. ಅಲ್ಲಿ ಟೆಫ್ಲಾನ್ ಟೇಪ್ ಬೇಕಿಲ್ಲ. ಕೈಯಲ್ಲಿ ಆಗುವಷ್ಟು ಬಿಗಿದು, ಸ್ಪ್ಯಾನರಿನಲ್ಲಿ ಕಾಲು ಸುತ್ತು ಕೊಟ್ಟರೆ ಆಯಿತು. ಆ ಕೊಳವೆಯ ಹೆಣಿಗೆಯಲ್ಲಿ ತುಕ್ಕಿನ ಚುಕ್ಕೆ ಕಂಡರೆ, ಒಂದು ತಂತಿ ಎದ್ದು ಬೆರಳಿಗೆ ಚುಚ್ಚಿದರೆ, ಸೋರುವ ತನಕ ಕಾಯದೆ ಬದಲಿಸಿ. ಅದು ಹನಿಹನಿಯಾಗಿ ಎಚ್ಚರಿಸಿ ಹೋಗುವ ವಸ್ತುವಲ್ಲ, ಒಡೆದರೆ ಅಡುಗೆಮನೆಯೇ ಕೆರೆಯಾಗುತ್ತದೆ. ಅದಕ್ಕೇ ನಾನು ಕೆಲವು ದಿನ ಮನೆ ಬಿಟ್ಟು ಹೋಗುವಾಗ ಮುಖ್ಯ ವಾಲ್ವ್ ಮುಚ್ಚದೆ ಬಾಗಿಲಿಗೆ ಬೀಗ ಹಾಕುವುದಿಲ್ಲ.

ಮೂತಿಯಲ್ಲಿ ನೀರು ಅಡ್ಡಾದಿಡ್ಡಿ ಚಿಮ್ಮಿ ಬದಿಯಿಂದ ತೊಟ್ಟಿಕ್ಕಿದರೆ ಜಾಲರಿ ಕಟ್ಟಿದೆ. ಗಡಸು ನೀರಿನಲ್ಲಿ ಇದು ಬೇಗ ಆಗುತ್ತದೆ. ತಿರುವಿ ತೆಗೆದು ರಾತ್ರಿಯಿಡೀ ವಿನೆಗರಿನಲ್ಲಿ ನೆನೆಸಿ, ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ.

ಗೋಡೆಯೊಳಗಿಂದ ಒದ್ದೆ ಹರಡುತ್ತಿದ್ದರೆ, ನಲ್ಲಿಯ ಮೈಯಲ್ಲೇ ಕೂದಲೆಳೆಯ ಬಿರುಕು ಕಂಡರೆ, ಕೆಳಗಿನ ವಾಲ್ವ್ ಜಡಗಟ್ಟಿ ತಿರುಗದಿದ್ದರೆ ನಿಮ್ಮ ಬಲ ಹಾಕಬೇಡಿ, ಪ್ಲಂಬರನ್ನು ಕರೆಯಿರಿ. ಬಿರುಕಿನ ಮೇಲೆ ಅಂಟು ಮೆತ್ತುವುದು, ಬಟ್ಟೆ ಕಟ್ಟುವುದು ಅವರು ಬರುವ ತನಕದ ಉಪಾಯ ಮಾತ್ರ. ವಾಲ್ವ್ ಜಡಗಟ್ಟುವುದು ಅದನ್ನು ವರ್ಷಗಟ್ಟಲೆ ಮುಟ್ಟದೆ ಬಿಟ್ಟಾಗ. ಮೂರು ನಾಲ್ಕು ತಿಂಗಳಿಗೊಮ್ಮೆ ಕಪಾಟು ಸ್ವಚ್ಛ ಮಾಡುವ ದಿನ ಅದನ್ನು ಒಮ್ಮೆ ಪೂರ್ತಿ ಮುಚ್ಚಿ ತೆರೆಯಿರಿ. ತೆರೆಯುವಾಗ ಕೊನೆಯವರೆಗೆ ತಿರುವಿ, ಒಂದು ಚೂರು ಹಿಂದಕ್ಕೆ ತಂದು ಬಿಡಿ.